ಗುಂಡು, ತೋಟಾ, ಈಡು: ಒಂದು ತಿದ್ದುಪಡಿಯಲ್ಲಿ ಸಿಕ್ಕ ತೊಡಕು

ಗೆಳೆಯರಿಗೆ ನಮಸ್ಕಾರ.

ಅಮೆರಿಕದ ಮೊಂಟಾನಾದಲ್ಲಿರುವ ನನ್ನ ಅಕ್ಕನ ಮಗ, ಅಲ್ಲಿನ ಕನ್ನಡಿಗರು ತರುವ ಯುಗಾದಿ ಸಂಚಿಕೆಗೆ ಒಂದು ಲೇಖನ ಬರೆದು, "ಮಾವ, ಸ್ವಲ್ಪ ಕನ್ನಡ ತಿದ್ದಿಕೊಡಿ" ಎಂದು ಕಳಿಸಿದ್ದಾನೆ. ವಿಷಯ ಕೇಳಿ ಹುಬ್ಬೇರಿಸಬೇಡಿ. ಬೇಟೆಯ ರೈಫಲ್ಲಿಗೆ ಮನೆಯಲ್ಲೇ ಕೂತು ತೋಟಾ ತುಂಬಿಕೊಳ್ಳುವವರು ಯಾವ ಗುಂಡನ್ನು ಆರಿಸಬೇಕು ಎಂಬುದು. ಅಲ್ಲಿ ಪರವಾನಗಿ ಪಡೆದು, ಹಂಗಾಮು ನೋಡಿಕೊಂಡು ಬೇಟೆಯಾಡಲು ಕಾನೂನಿನ ಒಪ್ಪಿಗೆ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತಿತು, ಅದರ ಬೆನ್ನಿಗೇ ಬೇಟೆಯ ಮಾತುಗಳೂ ಸವೆದವು. ಬೇಟೆ ನಿಂತದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಮಾತು ಸವೆದದ್ದರ ಕಷ್ಟ ಮಾತ್ರ ಈ ವಾರ ಚೆನ್ನಾಗಿ ಗೊತ್ತಾಯಿತು.

ಹುಡುಗನ ಮೊದಲ ಸಾಲೇ ಹೀಗಿತ್ತು: "ಒಂದೇ ಗುಂಡಿಗೆ ಹತ್ತಾರು ಬಗೆಯ ಗುಂಡುಗಳನ್ನು ಹಾಕಬಹುದು." ಓದಿ ನಕ್ಕೆ, ಆಮೇಲೆ ನಕ್ಕಿದ್ದು ತಪ್ಪೆನಿಸಿತು. ನಮ್ಮ ಪತ್ರಿಕೆಗಳು ಬರೆಯುವುದೂ ಹೀಗೆಯೇ ಅಲ್ಲವೇ? "ಒಂದು ಪಿಸ್ತೂಲು, ಎರಡು ಜೀವಂತ ಗುಂಡು ವಶ" ಎನ್ನುವಾಗ ಗುಂಡು ಎಂದರೆ ಇಡೀ ತೋಟಾ. "ಗುಂಡು ಎದೆಯನ್ನು ಸೀಳಿತು" ಎನ್ನುವಾಗ ತುದಿಯಲ್ಲಿ ಕೂತಿದ್ದ ಲೋಹದ ತುಂಡು ಮಾತ್ರ. ದಿನಪತ್ರಿಕೆಗೆ ಇದು ನಡೆಯುತ್ತದೆ. ತೋಟಾ ತುಂಬುವವನಿಗೆ ನಡೆಯುವುದಿಲ್ಲ. ಅವನ ಮೇಜಿನ ಮೇಲೆ ನಾಲ್ಕು ಸಾಮಾನು ಬೇರೆ ಬೇರೆಯಾಗಿ ಇರುತ್ತವೆ: ಹಿತ್ತಾಳೆಯ ಖಾಲಿ ಕೊಳವೆ, ಅದರ ಬುಡಕ್ಕೆ ಕೂರಿಸುವ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು, ಒಳಗೆ ಸುರಿಯುವ ಮದ್ದು, ಕೊನೆಗೆ ಕೊಳವೆಯ ಬಾಯಿಗೆ ಕಚ್ಚಿಸುವ ಗುಂಡು. ನಾಲ್ಕೂ ಸೇರಿದ ಮೇಲಷ್ಟೇ ಅದು ತೋಟಾ.

ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಈ ಭೇದ ಬಾಯಿಮಾತಿನಲ್ಲೇ ಇತ್ತು. ಕೇಪಿನ ಕೋವಿ ಬೇರೆ, ತೋಟಾ ಕೋವಿ ಬೇರೆ. ಅಜ್ಜನ ಕೇಪಿನ ಕೋವಿಗೆ ಬಾಯಿಯಿಂದಲೇ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಆಮೇಲೆ ಚರೆಯನ್ನೋ ಗುಂಡನ್ನೋ ಇಳಿಸುತ್ತಿದ್ದರು. ಚರೆ ಎಂದರೆ ಕಾಳಿನಂಥ ಸಣ್ಣವು, ಗುಂಡು ಎಂದರೆ ದೊಡ್ಡದೊಂದು. ಗದ್ದೆಗೆ ಹಂದಿ ಬಿದ್ದ ರಾತ್ರಿ ಯಾವುದನ್ನು ತುಂಬಿದ್ದಾರೆಂದು ಮನೆಯ ಮಕ್ಕಳಿಗೂ ತಿಳಿದಿರುತ್ತಿತ್ತು.

ಪತ್ರಿಕೆಗಳಲ್ಲಿ ತೋಟಾಗಿಂತ ಹೆಚ್ಚು ಕಾಣುವುದು ಕಾಡತೂಸು. ಚಿಕ್ಕಂದಿನಲ್ಲಿ ಅದನ್ನು ಕಾಡಿಗೆ ಸಂಬಂಧಪಟ್ಟ ಏನೋ ತೂಸು ಎಂದುಕೊಂಡಿದ್ದೆ. ಪೋರ್ಚುಗೀಸರ ಕಾರ್ತೂಶೊ, ಫ್ರೆಂಚರ ಕಾರ್ತೂಶ್, ಹಿಂದಿಯ ಕಾರತೂಸ್ ಎಲ್ಲ ಒಂದೇ ಬಳಗ. ಕನ್ನಡಕ್ಕೆ ಬಂದ ಮೇಲೆ ಅದಕ್ಕೊಂದು ಕಾಡು ಅಂಟಿಕೊಂಡಿತು. ಕೆಲವರು ಕಾಡುತೂಸು ಎಂದೇ ಬರೆಯುವುದನ್ನೂ ನೋಡಿದ್ದೇನೆ. ನಾನು ತೋಟಾ ಎಂದು ತಿದ್ದಿದೆ. ಇದು ನನ್ನ ಊರಿನ ಪಕ್ಷಪಾತ ಎಂದು ನೀವು ಹೇಳಿದರೆ ಒಪ್ಪಿಕೊಳ್ಳುತ್ತೇನೆ.

ಗುಂಡು ಎಂಬ ಮಾತಿನ ಬಗ್ಗೆಯೂ ಹುಡುಗನಿಗೊಂದು ತಕರಾರು: "ಮಾವ, ಇದು ಗುಂಡಗಿಲ್ಲವಲ್ಲ!" ನಿಜವೇ. ಅವನು ಬಳಸುವುದು ಪೆನ್ಸಿಲಿನಂತೆ ಮೂತಿ ಚೂಪಾದದ್ದು. ಜರ್ಮನಿಯವರು ಅದಕ್ಕೆ ಕೊಟ್ಟ ಹೆಸರೇ ಚೂಪು ಎಂಬರ್ಥದ್ದು. ಆದರೆ ಇಂಗ್ಲಿಷಿನ ಬುಲೆಟ್ ಕೂಡ ಫ್ರೆಂಚಿನ ಪುಟ್ಟ ಚೆಂಡಿನಿಂದ ಹುಟ್ಟಿದ್ದಲ್ಲವೇ? ಆಕಾರ ಬದಲಾದರೂ ಹೆಸರು ಉಳಿದದ್ದು ನಮ್ಮಲ್ಲಿ ಮಾತ್ರವಲ್ಲ. ಗುಂಡು ಇರಲಿ ಎಂದೆ. ಹಿಂತುದಿ ಕಿರಿದಾದ ಬಗೆಗೆ ಅವನು ಇಟ್ಟ ಹೆಸರು "ದೋಣಿಬಾಲ". ದೋಣಿಗೆ ಬಾಲ ಎಲ್ಲಿಂದ ಬಂತು? ಅದನ್ನು ಹೊಡೆದುಹಾಕಿ "ಹಿಂದೆ ಸಪೂರವಾದ ಗುಂಡು" ಎಂದು ಬರೆದೆ.

ತೋಟಾದ ಹೆಸರಿನಲ್ಲಿ ಬರುವ ಅಂಕಿಗೆ ಹೇಳುವ ಕ್ಯಾಲಿಬರ್ ಪದವನ್ನು ಮಾತ್ರ ಮುಟ್ಟಬಾರದು ಎಂಬುದು ನನ್ನ ತೀರ್ಮಾನ. ಅವನು "ಗುಂಡಿನ ವ್ಯಾಸ" ಎಂದು ಬರೆದಿದ್ದ. ಅವನದು .30-06 ಸ್ಪ್ರಿಂಗ್‌ಫೀಲ್ಡ್ ತೋಟಾ. ಅದರಲ್ಲಿ 06 ಎಂಬುದು ಅಮೆರಿಕದ ಸೇನೆ ಆ ತೋಟಾವನ್ನು ಒಪ್ಪಿಕೊಂಡ 1906ನೇ ಇಸವಿ; ಗುಂಡಿನ ವ್ಯಾಸ .30 ಇಂಚೂ ಅಲ್ಲ, .308. 1925ರ .270 ವಿಂಚೆಸ್ಟರಿನ ಗುಂಡು .277. ಜಿಮ್ ಕಾರ್ಬೆಟ್‌ಗೆ ಚಂಪಾವತ್‌ನ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿಯದು .284. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಹೊತ್ತು ತಿರುಗಿದ .405 ವಿಂಚೆಸ್ಟರಿನದು .411. ಹೆಸರಿನ ಅಂಕಿಯನ್ನೇ ವ್ಯಾಸವೆಂದು ನಂಬಿ ಅಂಗಡಿಗೆ ಹೋದವನು ಕೊಳವೆಗೆ ಕೂರದ ಗುಂಡನ್ನು ತರುತ್ತಾನೆ. ಆದ್ದರಿಂದ ಕ್ಯಾಲಿಬರ್ ಎಂದರೆ ಹೆಸರು, ವ್ಯಾಸ ಎಂದರೆ ಅಳತೆ ಎಂದು ಎರಡನ್ನೂ ಬೇರೆಯಾಗಿಯೇ ಇಟ್ಟಿದ್ದೇನೆ.

ಇನ್ನು ತೂಕ. ಗುಂಡನ್ನೂ ಮದ್ದನ್ನೂ ಅಲ್ಲಿ ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಪೌಂಡಿಗೆ 7000 ಗ್ರೇನ್. ಹುಡುಗ ಉತ್ಸಾಹದಿಂದ "180 ಕಾಳಿನ ಗುಂಡು" ಎಂದು ಬರೆದಿದ್ದ. ಗುಂಡಿಗಾದರೆ ಹೋಗಲಿ, ಮದ್ದಿನ ವಿಷಯಕ್ಕೆ ಬಂದಾಗ ಇದು ಅಪಾಯದ ಮಾತು. ಮದ್ದೇ ಕಾಳುಕಾಳಾಗಿರುವಾಗ "ಇಷ್ಟು ಕಾಳು" ಎಂದರೆ ಓದುಗ ಎಣಿಸಲು ಕೂತಾನು! ಗ್ರೇನ್ ಎಂದೇ ಉಳಿಸಿದೆ. ಆದರೆ ಲೆಕ್ಕ ಹಾಕುತ್ತ ಕೂತಾಗ ಒಂದು ಸ್ವಾರಸ್ಯ ಸಿಕ್ಕಿತು. ಬ್ರಿಟಿಷರು 1833ರಲ್ಲಿ ಗೊತ್ತುಮಾಡಿದ ತೊಲದ ತೂಕ ಸರಿಯಾಗಿ 180 ಗ್ರೇನ್, ಎಂದರೆ 11.66 ಗ್ರಾಂ. .30-06ಕ್ಕೆ ಎಲ್ಕ್ ಎಂಬ ಜಿಂಕೆಜಾತಿಯ ದೊಡ್ಡ ಪ್ರಾಣಿಗೆಂದು ಬಹಳ ಜನ ಆರಿಸುವ ಗುಂಡೂ 180 ಗ್ರೇನಿನದೇ. ಅಂದರೆ ಅಜ್ಜಿಯ ಒಂದು ತೊಲ ಬಂಗಾರಕ್ಕೂ ಮೊಮ್ಮಗನ ಗುಂಡಿಗೂ ತಕ್ಕಡಿ ಸಮ ನಿಲ್ಲುತ್ತದೆ. "ತೊಲದ ಗುಂಡು" ಎಂದು ಕಂಸದಲ್ಲಿ ಸೇರಿಸಿದ್ದೇನೆ. ಸಂಪಾದಕರು ತೆಗೆದುಹಾಕದಿದ್ದರೆ ಸಾಕು.

ಅದೇ ವ್ಯಾಸದಲ್ಲಿ 150, 165 ಗ್ರೇನಿನವೂ ಇವೆ. ವ್ಯಾಸಕ್ಕೆ ತಕ್ಕ ತೂಕ ಎಷ್ಟೆಂದು ಹೇಳಲು ಅವರಲ್ಲೊಂದು ಅಂಕಿ ಇದೆ: ಪೌಂಡಿನಲ್ಲಿ ತೂಕವನ್ನು ಇಂಚಿನಲ್ಲಿ ವ್ಯಾಸದ ವರ್ಗದಿಂದ ಭಾಗಿಸುವುದು. 150ರದ್ದು .226, 180ರದ್ದು .271. ಒಂದೇ ಬಗೆಯ ರಚನೆಯ ಗುಂಡುಗಳಾದರೆ ಈ ಅಂಕಿ ದೊಡ್ಡದಿದ್ದದ್ದು ಆಳಕ್ಕೆ ಇಳಿಯುತ್ತದೆ. ಇದಕ್ಕೆ "ಛೇದ ಸಾಂದ್ರತೆ" ಎಂದು ಪಠ್ಯಪುಸ್ತಕದ ಕನ್ನಡ ಕಟ್ಟುವ ಬದಲು "ವ್ಯಾಸಕ್ಕೆ ತಕ್ಕ ತೂಕ" ಎಂದೇ ಬಿಟ್ಟಿದ್ದೇನೆ.

ನನ್ನ ಮೊದಲ ನಿಜವಾದ ಪ್ರಶ್ನೆ ಈಗ. ಬೇಟೆಯ ಗುಂಡಿನ ಮೂತಿ ಮೈಗೆ ಹೊಕ್ಕೊಡನೆ ಅಣಬೆಯ ಕೊಡೆಯಂತೆ ಹರಡಿಕೊಳ್ಳಬೇಕು. ಬೇಗ ಹರಡಿದರೆ ಮೇಲೆಯೇ ಚೂರಾಗಿ ಪ್ರಾಣಿ ನರಳುತ್ತದೆ. ಹರಡದೇ ಹೋದರೆ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ, ಆಗಲೂ ನರಳುತ್ತದೆ. ಆಯ್ಕೆಯ ತಲೆಬೇನೆಯೆಲ್ಲ ಇದೇ. 1946ರಲ್ಲಿ ಕೆನಡಾದಲ್ಲಿ ಮೂಸ್ ಎಂಬ ಭಾರೀ ಜಿಂಕೆಯೊಂದು ತನ್ನ ಗುಂಡಿಗೆ ಬೀಳಲಿಲ್ಲವೆಂದು ಜಾನ್ ನಾಸ್ಲರ್ ಎಂಬಾತ ತಲೆ ಕೆಡಿಸಿಕೊಂಡು, ತಾಮ್ರದ ಕವಚದೊಳಗೆ ನಡುವೆ ಒಂದು ಗೋಡೆ ಇಟ್ಟು, ಹಿಂದೊಂದು ಮುಂದೊಂದು ಸೀಸದ ತಿರುಳು ತುಂಬಿದ. ಮುಂದಿನದು ಹರಡುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ಒಳಕ್ಕೆ ನೂಕುತ್ತದೆ. ಹುಡುಗ ಅಂಥದ್ದೊಂದರ ಚಿತ್ರ ಕಳಿಸಿದ್ದಾನೆ. ಅಂಗೈ ಮೇಲೆ ಹೊಸ ಗುಂಡು, ಪಕ್ಕದಲ್ಲಿ ಎಲ್ಕ್‌ನ ಭುಜದಿಂದ ತೆಗೆದದ್ದು. ಎರಡನೆಯದರ ಮುಂಭಾಗದ ತಾಮ್ರ ನಾಲ್ಕು ಎಸಳಾಗಿ ಹಿಂದಕ್ಕೆ ಮಡಚಿದೆ, ಬುಡ ಮಾತ್ರ ಅಂಗಡಿಯಿಂದ ತಂದಷ್ಟೇ ನುಣುಪಾಗಿದೆ. ಇದಕ್ಕೆ ಏನೆನ್ನಬೇಕು? ನನಗೆ ಹೊಳೆದದ್ದು "ಅರಳು". ಹೂ ಅರಳುವ ಮಾತನ್ನು ಇಲ್ಲಿಗೆ ತರಲು ಕೈ ಹಿಂಜರಿಯಿತು. ಆದರೆ ನಮ್ಮೂರ ಬಡಗಿ, ಸುತ್ತಿಗೆಯ ಏಟು ತಿಂದು ತಿಂದು ಅಂಚು ಹೊರಚಾಚಿದ ಉಳಿಯ ಹಿಡಿಯನ್ನು ತೋರಿಸಿ "ತಲೆ ಅರಳಿದೆ, ಬದಲಿಸಬೇಕು" ಎನ್ನುತ್ತಿದ್ದರು. ಆ ಅರಳು ಹೂವಿನದಲ್ಲ, ಏಟಿನದು. ನಿಮ್ಮ ಕಡೆಯ ಬಡಗಿ, ಕಮ್ಮಾರರು ಇದಕ್ಕೆ ಬೇರೆ ಮಾತು ಬಳಸುತ್ತಾರೆಯೇ?

ಸೀಸವಿಲ್ಲದ ಅಪ್ಪಟ ತಾಮ್ರದ ಗುಂಡುಗಳ ಭಾಗ ಸುಲಭವಾಗಿ ತಿದ್ದಿಕೊಂಡಿತು. ಬೇಟೆಗಾರರು ಬಿಟ್ಟುಹೋದ ಕರುಳಿನಲ್ಲಿ ಉಳಿದ ಸೀಸದ ಚೂರು ತಿಂದು ಕಾಂಡರ್ ರಣಹದ್ದುಗಳು ಸಾಯುತ್ತವೆಂದು ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿದೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಕೊಳವೆಯೊಳಗೆ ಮದ್ದಿನ ಜಾಗವನ್ನೂ ತಿನ್ನುತ್ತದೆ. ಆದ್ದರಿಂದ ಒಂದರ ಮದ್ದಿನ ಅಳತೆ ಇನ್ನೊಂದಕ್ಕೆ ಸಲ್ಲುವುದಿಲ್ಲ. ಆಯಾ ಗುಂಡಿನ ಕೈಪಿಡಿಯನ್ನೇ ನೋಡಿ, ಕೆಳಗಿನ ಅಳತೆಯಿಂದ ಶುರುಮಾಡಬೇಕು ಎಂದು ಹುಡುಗ ಎರಡು ಸಲ ಒತ್ತಿ ಹೇಳಿದ್ದಾನೆ.

ಕೊನೆಯ ಪ್ರಶ್ನೆ, ಈ ಓಲೆ ಬರೆಯಲು ಕಾರಣವಾದದ್ದು. ಇಂತಿಂಥ ಕೊಳವೆ, ಇಂಥ ಕೇಪು, ಇಷ್ಟು ಮದ್ದು, ಈ ಗುಂಡು ಎಂಬ ಇಡೀ ಹೊಂದಿಕೆಗೆ ಅವರು "ಲೋಡ್" ಎನ್ನುತ್ತಾರೆ. ಹುಡುಗ "ಹೊರೆ" ಎಂದು ಬರೆದಿದ್ದ, ಸೌದೆ ಹೊರೆಯಂತೆ. ನನಗೆ ನೆನಪಾದದ್ದು ಈಡು. ಮಲೆನಾಡಿನಲ್ಲಿ "ಒಂದು ಈಡು ಹೊಡೆದ", "ಕೋವಿಯಲ್ಲಿ ಈಡು ಇದೆ", "ಒಳ್ಳೆ ಈಡುಗಾರ" ಎಲ್ಲ ಇವೆ. ಗಮನಿಸಿ, ತುಂಬಿದ್ದೂ ಈಡೇ, ಹಾರಿಸಿದ್ದೂ ಈಡೇ. ಹಳೆಗನ್ನಡದ ಇಡು ಧಾತುವಿಗೆ ಇರಿಸು ಎಂಬ ಅರ್ಥವೂ ಉಂಟು, ಎಸೆ, ಹೊಡೆ ಎಂಬ ಅರ್ಥವೂ ಉಂಟು. ಗುಡಿಯ ಮುಂದೆ ನೆಲಕ್ಕೆ ಅಪ್ಪಳಿಸುವ ಈಡುಗಾಯಿಯಲ್ಲಿ ಎರಡನೆಯದು ಇನ್ನೂ ಜೀವಂತವಾಗಿದೆ. ಆದ್ದರಿಂದ "ಈ ರೈಫಲ್ಲಿಗೆ ಒಗ್ಗುವ ಈಡು", "ಎಲ್ಕ್ ಈಡು", "ಜಿಂಕೆ ಈಡು" ಎಂದು ಬಳಸಿದರೆ ಕನ್ನಡದ ಕಿವಿಗೆ ಒಪ್ಪಿತೇ? ಅಥವಾ ಟೀಕೆಗೆ ಈಡಾದ, ಆಸೆ ಈಡೇರಿತು ಎಂಬ ಬಳಕೆಗಳ ನಡುವೆ ಬೆಂಗಳೂರಿನ ಓದುಗ ಕಕ್ಕಾಬಿಕ್ಕಿಯಾದಾನೇ?

ಕರಾವಳಿಯವರು ಕೋವಿಗೆ ಬೆಡಿ ಎನ್ನುತ್ತೀರಿ, ಕೊಡಗಿನವರು ತೋಕ್ ಎನ್ನುತ್ತೀರಿ. ತುಂಬುವ ಈಡಿಗೆ ನಿಮ್ಮಲ್ಲಿ ಏನು ಮಾತು? ಕೈಲ್ ಪೊಳ್ದ್ ಹಬ್ಬದ ದಿನ ತೋಕಿಗೆ ಪೂಜೆ ಮಾಡುವ ಮನೆಗಳ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರ. ಹುಡುಗ ಲೇಖನವನ್ನು ಬರುವ ಶನಿವಾರದೊಳಗೆ ಕಳಿಸಬೇಕಂತೆ.