ಸಣ್ಣ ಕ್ಲಬ್ ಮ್ಯಾನೇಜರ್ರು ದೊಡ್ಡ ಕ್ಲಬ್ಬಿಗೆ ಹೋದ್ರೆ ಯಾಕೆ ಮಕಾಡೆ ಮಲಗ್ತಾರೆ?

ತುಂಗಾ_ರೆಡ್ (ಶಿವಮೊಗ್ಗ):

ನಾನು ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಟೀಮಿನ ಫ್ಯಾನು, ಅಂದ್ರೆ ನಮ್ ಮ್ಯಾನೇಜರ್ ಫರ್ಗುಸನ್ ರಿಟೈರ್ ಆದಾಗಿಂದ ಬೈಸ್ಕೊಂಡೇ ಬದುಕ್ತಿರೋನು, ಹಾಗಾಗಿ ಈ ಪ್ರಶ್ನೆ ಕೇಳೋ ಅಧಿಕಾರ ನಂಗಿದೆ ಅನ್ಕೋತೀನಿ. ಸಣ್ಣ ಕ್ಲಬ್ಬಲ್ಲಿ ಹೆಸರು ಮಾಡಿದ ಮ್ಯಾನೇಜರ್‌ನ (ಅಂದ್ರೆ ಮುಖ್ಯ ಕೋಚ್‌ನ) ದೊಡ್ಡ ಕ್ಲಬ್ಬು ಎತ್ಕೊಂಡ್ ಬಂದ್ರೆ ಯಾಕೆ ಇಷ್ಟು ಸಲ ಎಡವಟ್ಟಾಗುತ್ತೆ? ಮೋಯೆಸ್‌ನೇ ತಗೊಳ್ಳಿ, ಎವರ್ಟನ್‌ನಲ್ಲಿ 2002ರಿಂದ 2013ರವರೆಗೆ ಕೈಲಿ ಕಾಸಿಲ್ದೇ ಟೀಮ್ ಕಟ್ಟಿದ, ನಮ್ಮಲ್ಲಿ ಆರು ವರ್ಷದ ಕಾಂಟ್ರಾಕ್ಟ್ ಕೊಟ್ಟು ಕರ್ಕೊಂಡ್ ಬಂದ್ರು, ಹತ್ತೇ ತಿಂಗಳಿಗೆ ಗೇಟ್ ಪಾಸು. ಹಿಂದಿನ ವರ್ಷ ಚಾಂಪಿಯನ್ ಆಗಿದ್ದ ಟೀಮು ಏಳನೇ ಜಾಗಕ್ಕೆ ಬಂತು. ಹಾಡ್ಜ್‌ಸನ್ 2010ರಲ್ಲಿ ಫುಲ್ಹಮ್‌ನ ಯುರೋಪಾ ಲೀಗ್ ಫೈನಲ್‌ಗೆ ಕರ್ಕೊಂಡ್ ಹೋದ, ಲಿವರ್‌ಪೂಲ್‌ಗೆ ಬಂದು ಆರು ತಿಂಗಳು ಇದ್ದ, ಅದರೊಳಗೇ ನಾಲ್ಕನೇ ಡಿವಿಷನ್‌ನ ನಾರ್ಥಾಂಪ್ಟನ್ ಕೈಲಿ ಸ್ವಂತ ಗ್ರೌಂಡ್ ಆನ್‌ಫೀಲ್ಡಲ್ಲೇ ಸೋತ. ಪಾಟರ್ ಬ್ರೈಟನ್ ಬಿಟ್ಟು ಚೆಲ್ಸಿಗೆ ಹೋದ, ಏಳು ತಿಂಗಳೂ ತುಂಬಲಿಲ್ಲ.

ನನ್ ಫ್ರೆಂಡ್ ಒಬ್ಬ ಹೇಳೋದು ಇವರಿಗೆಲ್ಲ ಯೋಗ್ಯತೆ ಇಷ್ಟೇ, ಸಣ್ಣ ಕ್ಲಬ್ಬಲ್ಲಿ ಒಂಬತ್ತನೇ ಜಾಗಕ್ಕೆ ಬಂದ್ರೂ ಜನ ಚಪ್ಪಾಳೆ ಹೊಡೀತಾರೆ ಅದಕ್ಕೆ ಬಂಡವಾಳ ಗೊತ್ತಾಗಲ್ಲ ಅಂತ. ನಂಗ್ಯಾಕೋ ಅದು ಗಂಟಲಲ್ಲಿ ಇಳೀತಿಲ್ಲ. ಅದೇ ಮೋಯೆಸ್ 2023ರಲ್ಲಿ ವೆಸ್ಟ್ ಹ್ಯಾಮ್‌ಗೆ ಕಾನ್ಫರೆನ್ಸ್ ಲೀಗ್ ಅನ್ನೋ ಯುರೋಪಿನ ಕಪ್ ಗೆದ್ದುಕೊಟ್ನಲ್ಲ, ಮಧ್ಯದಲ್ಲಿ ಬುದ್ಧಿ ಎಲ್ಲಿಗ್ ಹೋಗಿತ್ತು ಹಾಗಾದ್ರೆ? ತಿಳ್ದೋರು ಹೇಳಿ, ಸುಮ್ನೆ ಪ್ರೆಶರ್ ಅಂತ ಒಂದು ಪದ ಬರ್ದು ಓಡೋಗ್ಬೇಡಿ.

ಭದ್ರಾವತಿ_ಹಳಬ:

ತಮ್ಮಾ, ನಿಮ್ಮ ಫರ್ಗುಸನ್ ಎಲ್ಲಿಂದ ಬಂದ ಅನ್ಕೊಂಡಿದೀಯ? ಅಬರ್ಡೀನ್! ಸ್ಕಾಟ್ಲೆಂಡಿನ ಒಂದು ಊರಿನ ಟೀಮು, ಅದನ್ನ ಕಟ್ಕೊಂಡು 1983ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ 2-1 ಹೊಡೆದ. 1986ರ ನವೆಂಬರ್‌ನಲ್ಲಿ ಯುನೈಟೆಡ್‌ಗೆ ಬಂದಾಗ ಟೀಮು 22ರಲ್ಲಿ 21ನೇ ಜಾಗದಲ್ಲಿತ್ತು, ಇದನ್ನ ಸ್ವಲ್ಪ ನೆನಪಿಟ್ಕೋ. ಮೊದಲನೇ ಕಪ್ಪು ಬಂದಿದ್ದು 1990ರಲ್ಲಿ, ಆ ವರ್ಷ ಲೀಗ್‌ನಲ್ಲಿ 13ನೇ ಜಾಗ, ಲೀಗ್ ಗೆಲ್ಲೋಕೆ 1993 ಆಗ್ಬೇಕಾಯ್ತು. ಅಷ್ಟರಲ್ಲಿ ಜನ ಇಷ್ಟಪಡ್ತಿದ್ದ ಮೆಕ್‌ಗ್ರಾತ್, ವೈಟ್‌ಸೈಡ್ ಇಬ್ಬರನ್ನೂ 1989ರ ಒಂದೇ ಬೇಸಿಗೆಲಿ ಮಾರ್ಬಿಟ್ಟಿದ್ದ, ಕುಡಿಯೋ ಚಾಳಿ ತಪ್ಪಿಸ್ಬೇಕು ಅಂತ. ಈಗಿನ ಕಾಲ ಆಗಿದ್ರೆ ಎರಡನೇ ವರ್ಷಕ್ಕೇ ಮನೆಗೆ ಕಳಿಸ್ತಿದ್ರು.

ಮೋಯೆಸ್‌ಗೆ ಸಿಕ್ಕಿದ್ದೇನು? ಚಾಂಪಿಯನ್ ಟೀಮು, ಆದ್ರೆ ಫರ್ಡಿನಾಂಡ್‌ಗೆ 34, ಎವ್ರಾಗೆ 32, ಗಿಗ್ಸ್‌ಗೆ ಆ ನವೆಂಬರಿಗೆ 40. ಗೆದ್ದು ಬಂದಿರೋ ಮನುಷ್ಯನನ್ನ ನೀನು ವಯಸ್ಸಾಯ್ತು ಹೊರಡಪ್ಪ ಅನ್ನೋಕಾಗುತ್ತಾ? ಅವನು ಮಾಡಿದ್ದು ಉಲ್ಟಾ, ಆಟಗಾರರನ್ನ ಇಟ್ಕೊಂಡು ಫೆಲನ್, ಮ್ಯೂಲೆನ್‌ಸ್ಟೀನ್ ಅಂತ ಹಳೇ ಕೋಚ್‌ಗಳನ್ನ ಕಳಿಸಿ ಎವರ್ಟನ್‌ನಿಂದ ತನ್ನೋರನ್ನ ಕರ್ಕೊಂಡ್ ಬಂದ. ಮ್ಯಾಚಿನ ಹಿಂದಿನ ರಾತ್ರಿ ಊಟಕ್ಕೆ ಚಿಪ್ಸ್ ಕೊಡ್ಬಾರ್ದು ಅಂತ ರೂಲ್ ಬೇರೆ ಮಾಡಿದನಂತೆ, ಫರ್ಡಿನಾಂಡ್ ಆಮೇಲೆ ಆತ್ಮಕಥೆಲಿ ಬರ್ಕೊಂಡಿದಾನೆ. ಚಿಪ್ಸ್ ಏನು ದೊಡ್ಡ ವಿಷ್ಯ ಅಲ್ಲ, ಆದ್ರೆ ಐದಾರು ಸಲ ಲೀಗ್ ಗೆದ್ದೋರಿಗೆ ಒಂದೂ ದೊಡ್ಡ ಕಪ್ ಗೆಲ್ಲದೋನು ಬಂದು ತಟ್ಟೆ ನೋಡಿದ್ರೆ ಮುಖ ಹೇಗಾಗುತ್ತೆ ಹೇಳು.

ಬ್ರಿಯಾನ್ ಕ್ಲಫ್ ಕೂಡ ಅಷ್ಟೇ. ಡರ್ಬಿ ಕೌಂಟಿ ಕ್ಲಬ್ಬಿಗೆ ಲೀಗ್ ಗೆಲ್ಲಿಸಿದ್ದೋನು 1974ರಲ್ಲಿ ಲೀಡ್ಸ್‌ಗೆ ಹೋಗಿ ನಿಮ್ಮ ಮೆಡಲ್ ಎಲ್ಲ ಕಸದ ಬುಟ್ಟಿಗೆ ಹಾಕಿ, ಮೋಸದಿಂದ ಗೆದ್ದಿದ್ದು ಅಂದನಂತೆ. 44 ದಿನ, ಕೆಲಸ ಹೋಯ್ತು. ಅದೇ ಮನುಷ್ಯ ಸಣ್ಣ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋಗಿ ಎರಡು ಯುರೋಪಿಯನ್ ಕಪ್ (ಯುರೋಪಿನ ಅತಿ ದೊಡ್ಡ ಕಪ್ಪು, ಈಗಿನ ಚಾಂಪಿಯನ್ಸ್ ಲೀಗ್) ಎತ್ತಿದ.

ಸಾಗರ_ಸ್ವೀಪರ್:

ಹಳಬರು ಹೇಳಿದ್ದು ಸರಿ ಆದ್ರೆ ಆಟದ್ದೂ ಒಂದು ಕಥೆ ಇದೆ ಮಾರಾಯ್ರೆ, ಅದನ್ನ ಯಾರೂ ಮಾತಾಡಲ್ಲ. ಸಣ್ಣ ಟೀಮ್ ಆಡುವಾಗ ಎದುರಿನವರು ಮುಂದೆ ಬರ್ತಾರೆ, ಹಿಂದೆ ಜಾಗ ಬಿಡ್ತಾರೆ, ನೀನು ಚೆಂಡು ಕಸ್ಕೊಂಡು ಓಡಿದ್ರೆ ಸಾಕು. ದೊಡ್ಡ ಟೀಮಿಗೆ ಬಂದ ದಿನದಿಂದ ಎಲ್ರೂ ಹತ್ತು ಜನನ ತಮ್ಮ ಗೋಲ್ ಮುಂದೆ ನಿಲ್ಸಿ ಬಾ ನೋಡಣ ಅಂತಾರೆ. ಈಗ ಎಂತ ಮಾಡ್ತೀಯ? ಆ ಗೋಡೆ ಒಡೆಯೋದು ಬೇರೆದೇ ವಿದ್ಯೆ. ನಾನು ಆಡ್ತಿದ್ದಾಗ ಮಳೆಗಾಲದಲ್ಲಿ ತಾಲ್ಲೂಕ್ ಗ್ರೌಂಡಲ್ಲಿ ಇದೇ ಪಾಡು, ಎದುರಿನೋರು ಪೂರ್ತಿ ಹಿಂದೆ ಹೋಗಿ ನಿಂತ್ಕೊಂಡ್ರೆ ಪಾಸ್ ಕೊಟ್ಟ ಚೆಂಡು ಪೆನಾಲ್ಟಿ ಬಾಕ್ಸ್ ಕೆಸರಲ್ಲಿ ಪಚಕ್ ಅಂತ ಕೂತ್ಬಿಡೋದು, ಕೊನೆಗೆ ಎಲ್ರೂ ಸೈಡಿಂದ ಮೇಲಕ್ಕೆ ಎತ್ತಿ ಎತ್ತಿ ಹಾಕೋದು, ಅಲ್ಲಿ ಎತ್ತರದ ಬ್ಯಾಕ್ ಒಬ್ಬ ತಲೆಲಿ ಹೊಡೆದು ವಾಪಸ್ ಕಳ್ಸೋದು.

ಮೋಯೆಸ್ ಯುನೈಟೆಡ್‌ನಲ್ಲಿ ಮಾಡಿದ್ದೂ ಎಗ್ಸಾಕ್ಟ್ ಇದನ್ನೇ. 2014ರ ಫೆಬ್ರವರಿ, ಎದುರಿಗೆ ಟೇಬಲ್‌ನ ಕೊನೇ ಜಾಗದ ಫುಲ್ಹಮ್, ಯುನೈಟೆಡ್‌ನ ಸ್ವಂತ ಗ್ರೌಂಡ್ ಓಲ್ಡ್ ಟ್ರಾಫರ್ಡ್‌ನಲ್ಲಿ ಒಂದೇ ಮ್ಯಾಚಲ್ಲಿ 81 ಕ್ರಾಸ್! ಎಂಬತ್ತೊಂದು!! 2-2 ಡ್ರಾ. ಮಜಾ ಎಂತ ಗೊತ್ತಾ, ಆವತ್ತು ಫುಲ್ಹಮ್ ಮ್ಯಾನೇಜರ್ ಯಾರು ಹೇಳಿ, ಮೇಲೆ ಹಳಬರು ಹೇಳಿದ್ರಲ್ಲ ಅದೇ ಮ್ಯೂಲೆನ್‌ಸ್ಟೀನ್, ಮೋಯೆಸ್ ಮನೆಗೆ ಕಳ್ಸಿದ್ದ ಕೋಚು. 

ಅದಕ್ಕೇ ನಾನು ಹೇಳದು, ಸಣ್ಣ ಕ್ಲಬ್ಬಲ್ಲೇ ಚೆಂಡು ಇಟ್ಕೊಂಡು ಆಡ್ಸೋನಾಗಿದ್ರೆ ಅವನಿಗೆ ದೊಡ್ಡ ಕ್ಲಬ್ ಸುಲಭ. ಸ್ವಾನ್ಸಿ ರಾಜರ್ಸ್ ಲಿವರ್‌ಪೂಲ್‌ಗೆ ಬಂದು ಎರಡನೇ ವರ್ಷಕ್ಕೆ ಲೀಗ್ ಹತ್ರ ಹತ್ರ ಗೆದ್ದಿದ್ದ. ಪೊಚೆಟಿನೊ ಸೌತಾಂಪ್ಟನ್‌ನಿಂದ ಟಾಟನ್‌ಹ್ಯಾಮ್‌ಗೆ ಹೋಗಿ 2019ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌. ಓಡೋ ಆಟ ಆಡ್ಸೋರು ಸಿಕ್ಕಿಬೀಳ್ತಾರೆ.

ತೀರ್ಥಳ್ಳಿ_ಬ್ಲೂ:

ಸಾಗರದಣ್ಣ, ಹಾಗಾದ್ರೆ ಪಾಟರ್‌ದು ಎಂತ ಹೇಳ್ತೀರಿ? ಬ್ರೈಟನ್‌ನಲ್ಲಿ ಅವನು ಚೆಂಡು ಇಟ್ಕೊಂಡೇ ಆಡ್ಸಿದ್ದು, ಅದಕ್ಕೂ ಮೊದ್ಲು ಸ್ವೀಡನ್‌ನ ಆಸ್ಟರ್‌ಸುಂಡ್ ಅನ್ನೋ ಟೀಮ್‌ನ ನಾಲ್ಕನೇ ಡಿವಿಷನ್‌ನಿಂದ ಮೇಲೆ ತಂದು 2018ರಲ್ಲಿ ಆರ್ಸೆನಲ್‌ನ ಅವರದೇ ಎಮಿರೇಟ್ಸ್ ಗ್ರೌಂಡಲ್ಲಿ 2-1 ಸೋಲಿಸಿದ್ದ (ಆರ್ಸೆನಲ್‌ನೋರು ಯಾರಾದ್ರೂ ಇದ್ರೆ ಸಾರಿ). ನಿಮ್ ಥಿಯರಿ ಪ್ರಕಾರ ಚೆಲ್ಸಿಲಿ ಅವನು ಗೆಲ್ಬೇಕಿತ್ತು.

ನಾನು ಆ ಸೀಸನ್ ಪೂರ್ತಿ ನೋಡಿದೀನಿ, ರಾತ್ರಿ ಒಂದೂವರೆಗೆ ಮೊಬೈಲ್ ಹಿಡ್ಕೊಂಡು, ಕರೆಂಟ್ ಹೋಗಿ ಟವರ್ ಸತ್ತರೆ ಬೆಳಿಗ್ಗೆ ಸ್ಕೋರ್ ನೋಡಿ ಅಳೋದು. ಅಲ್ಲಿ ನಡೆದಿದ್ದು ಆಟನೇ ಅಲ್ಲ, ಜಾತ್ರೆ. ಹೊಸ ಓನರ್ ಬಂದು ಮೂರು ತಿಂಗಳು ಚಿಲ್ರೆಗೇ ಟುಕೆಲ್‌ನ ತೆಗೆದ್ರು, ಅವನೇನು ಸಾಮಾನ್ಯದೋನಾ, 2021ರಲ್ಲಿ ಚಾಂಪಿಯನ್ಸ್ ಲೀಗ್ ಕೊಟ್ಟೋನು. ಪಾಟರ್ ಬಂದ. ಜನವರಿಲಿ ಎಂಜೊ, ಮುದ್ರಿಕ್, ಬಾದಿಯಾಶಿಲ್, ಮಡುಯೆಕೆ, ಲೋನ್‌ನಲ್ಲಿ ಫೆಲಿಕ್ಸ್ ಅಂತ ತಂದು ಸುರಿದ್ರು, ಎಂಜೊ ಒಬ್ಬನಿಗೇ ನೂರು ಮಿಲಿಯನ್ ಪೌಂಡಿಗಿಂತ ಜಾಸ್ತಿ. ಚಾಂಪಿಯನ್ಸ್ ಲೀಗ್‌ಗೆ ಮೂರೇ ಜನ ಹೊಸಬರನ್ನ ಸೇರಿಸ್ಬೋದು ಅಂತ ರೂಲು, ಬಾದಿಯಾಶಿಲ್ ಹೊರಗೆ. ಒಳ್ಳೆ ಆಡ್ತಿದ್ದ ಹುಡುಗನಿಗೆ ನೀನು ಈ ಮ್ಯಾಚಿಗಿಲ್ಲ ಅಂತ ಹೇಳೋ ಕೆಲಸ ಯಾರಿಗೆ ಬಂತು? ಓನರ್‌ಗಲ್ಲ, ಪಾಟರ್‌ಗೆ. ಅಷ್ಟು ಜನರಲ್ಲಿ ದಿನಾ ಹತ್ತು ಹನ್ನೆರಡು ಮಂದಿ ಮುಖ ಊದಿಸ್ಕೊಂಡು ಟ್ರೇನಿಂಗಿಗೆ ಬಂದ್ರೆ ಯಾವ ಟ್ಯಾಕ್ಟಿಕ್ಸ್ ನಡೆಯುತ್ತೆ. ಅಷ್ಟರಲ್ಲೂ ಡಾರ್ಟ್‌ಮಂಡ್‌ನ ಹೊಡೆದು ಕ್ವಾರ್ಟರ್‌ಫೈನಲ್‌ಗೆ ಕರ್ಕೊಂಡ್ ಹೋದ, ಅದನ್ನ ಯಾರೂ ನೆನಸ್ಕೊಳಲ್ಲ. ಕೊನೆಗೆ ಸ್ವಂತ ಗ್ರೌಂಡಲ್ಲೇ ಆಸ್ಟನ್ ವಿಲ್ಲಾ ಹತ್ರ 2-0 ಸೋತು ಮಾರನೇ ದಿನ ಕೆಲಸ ಹೋಯ್ತು, ವಿಲ್ಲಾ ಕೋಚ್ ಯಾರು ಅಂದ್ರೆ ಆರ್ಸೆನಲ್‌ನೋರು ನಗಾಡಿ ಓಡ್ಸಿದ್ದ ಎಮರಿ!

ಪಾಟರ್ ತಪ್ಪೇ ಇಲ್ಲ ಅಂತಲ್ಲ. ಸೋತಾಗ ಮೈಕ್ ಮುಂದೆ ಅಷ್ಟು ತಣ್ಣಗೆ ಮಾತಾಡಿದ್ರೆ ಫ್ಯಾನ್ಸ್‌ಗೆ ಮೈ ಉರಿಯುತ್ತೆ, ನಂಗೂ ಉರಿದಿದೆ.

ತುಂಗಾ_ರೆಡ್:

ಬ್ಲೂ ಅವ್ರೆ ಎಂಜೊ ವಿಷ್ಯ ಓದಿ ನಮ್ ಫೆಲ್ಲೈನಿ ನೆನಪಾಯ್ತು. ಮೋಯೆಸ್ ಬಂದ ಬೇಸಿಗೆಲೇ ಪ್ಲೇಯರ್ ಕೊಳ್ಳೋ ಬಾಸ್ ಡೇವಿಡ್ ಗಿಲ್ ಕೂಡ ಬಿಟ್ಟು ಹೋಗಿದ್ದ, ಹೊಸಬ ವುಡ್‌ವರ್ಡ್. ಎವರ್ಟನ್ ಆಟಗಾರ ಫೆಲ್ಲೈನಿ ಜುಲೈ ಮುಗಿಯೋವರೆಗೆ ಕಾಂಟ್ರಾಕ್ಟ್‌ನಲ್ಲಿ ಬರ್ದಿದ್ದ ಕಮ್ಮಿ ರೇಟಿಗೇ ಸಿಗ್ತಿದ್ದ, ಸುಮ್ನಿದ್ದು ಟ್ರಾನ್ಸ್‌ಫರ್‌ನ ಕೊನೇ ದಿನ 27.5 ಮಿಲಿಯನ್ ಪೌಂಡ್ ಕೊಟ್ಟು ತಂದ್ರು. ಮ್ಯಾನೇಜರೂ ಹೊಸಬ, ಆಫೀಸೂ ಹೊಸದು. ಆದ್ರೆ ನೀವೆಲ್ಲ ಸೋತಿದ್ದಕ್ಕೇ ಕಾರಣ ಕೊಡ್ತಿದೀರ, ಗೆದ್ದೋರು ಹೇಗೆ ಗೆದ್ರು ಅದನ್ನ ಹೇಳಿ.

ಭದ್ರಾವತಿ_ಹಳಬ:

ಅದಕ್ಕೇ 21ನೇ ಜಾಗ ನೆನಪಿಟ್ಕೋ ಅಂದಿದ್ದು. ಗೆದ್ದೋರನ್ನ ಒಬ್ಬೊಬ್ಬರನ್ನೇ ನೋಡು, ಅವರು ಬರುವಾಗ ದೊಡ್ಡ ಕ್ಲಬ್ಬು ಬಿದ್ದಿತ್ತು. ಕ್ಲಾಪ್ ಮೈಂಜ್‌ನಿಂದ 2008ರಲ್ಲಿ ಡಾರ್ಟ್‌ಮಂಡ್‌ಗೆ ಹೋದಾಗ ಅದು 13ನೇ ಜಾಗದಲ್ಲಿ ಸೀಸನ್ ಮುಗಿಸಿದ ಟೀಮು, ಅದಕ್ಕೂ ಮೂರು ವರ್ಷ ಹಿಂದೆ ದಿವಾಳಿ ಅಂಚಿಗೆ ಹೋಗಿ ಬಂದಿತ್ತು. ದುಡ್ಡಿಲ್ಲ, ಹಾಗಾಗಿ ಹುಡುಗರನ್ನ ಆಡ್ಸೋಕೆ ಯಾರೂ ಅಡ್ಡ ಬರಲಿಲ್ಲ, 2011, 2012 ಎರಡು ವರ್ಷ ಲೀಗ್ ಗೆದ್ದ. ಎಡ್ಡಿ ಹೋವ್ ಬೋರ್ನ್‌ಮತ್‌ನೋನು, 2021ರಲ್ಲಿ ಹೋದಾಗ ನ್ಯೂಕ್ಯಾಸಲ್ ಆ ಸೀಸನ್‌ನಲ್ಲಿ ಒಂದೂ ಮ್ಯಾಚ್ ಗೆದ್ದಿರಲಿಲ್ಲ, 2025ರಲ್ಲಿ ಲೀಗ್ ಕಪ್ ಕೊಟ್ಟ, 70 ವರ್ಷದ ಮೇಲೆ ಊರಿಗೆ ದೇಶದೊಳಗಿನ ಕಪ್ಪು. ಕೊಂಪನಿ ಬರ್ನ್‌ಲಿನ ಕೆಳಗಿನ ಡಿವಿಷನ್‌ಗೆ ಬೀಳಿಸ್ಕೊಂಡು ಬಂದೋನು, ಬಯರ್ನ್‌ಗೆ ಹೋದ, ಎಲ್ರೂ ನಕ್ಕರು, ಮೊದಲನೇ ವರ್ಷನೇ ಲೀಗ್. ಅವನು ಹೋಗೋ ಮುಂಚೆ ಬಯರ್ನ್ ಮೂರನೇ ಜಾಗಕ್ಕೆ ಇಳಿದಿತ್ತಲ್ಲ. ಅವನು ಸಿಟಿ ಕ್ಯಾಪ್ಟನ್ ಆಗಿ ಲೀಗ್ ಎತ್ತಿದ್ದೋನು ಅನ್ನೋದೂ ಇದೆ, ಡ್ರೆಸಿಂಗ್ ರೂಮಲ್ಲಿ ಕೆಮ್ಮಂಗಿಲ್ಲ.

ಆದ್ರೆ ಆಡಿರ್ಲೇಬೇಕು ಅಂತೇನಿಲ್ಲ. ಇಟಲಿಯ ಕೋಚ್ ಸಾಕ್ಕಿ ದೊಡ್ಡ ಲೆವೆಲ್ ಆಡಿದೋನೇ ಅಲ್ಲ, ಮುಂಚೆ ಅಪ್ಪನ ಶೂ ವ್ಯಾಪಾರ ನೋಡ್ಕೊಂಡಿದ್ದ, ಪಾರ್ಮಾದಿಂದ 1987ರಲ್ಲಿ ಮಿಲಾನ್‌ಗೆ ಬಂದ. ಜಾಕಿ ಆಗೋಕೆ ಮೊದ್ಲು ಕುದುರೆ ಆಗಿರ್ಬೇಕು ಅಂತ ನಂಗೆ ಗೊತ್ತಿರಲಿಲ್ಲ ಅಂದಿದ್ದು ಇವನೇ. ಶುರುಲಿ ಟೀಮು ತಡವರಿಸಿದಾಗ ಓನರ್ ಬೆರ್ಲುಸ್ಕೋನಿ ಸೀದಾ ಆಟಗಾರರ ಹತ್ರ ಬಂದು ಇವನು ಇಲ್ಲೇ ಇರ್ತಾನೆ, ನೀವು ಯಾರ್ಯಾರು ಇರ್ತೀರೋ ಗೊತ್ತಿಲ್ಲ ಅನ್ನೋ ಅರ್ಥದಲ್ಲಿ ಹೇಳಿ ಹೋದ. ಆ ವರ್ಷನೇ ಲೀಗ್, ಆಮೇಲೆ 1989, 1990 ಎರಡು ಯುರೋಪಿಯನ್ ಕಪ್. ಚೆಲ್ಸಿ ಓನರ್ ಆ ಒಂದು ಮಾತು ಆಡಿದ್ನಾ? ಮ್ಯಾನೇಜರ್ ಎಲ್ಲಿಂದ ಬಂದ ಅಂತಲ್ಲ ನೋಡ್ಬೇಕಾದ್ದು, ಯಾವ ಹೊತ್ತಲ್ಲಿ ಬಂದ, ಹಿಂದೆ ಯಾರು ನಿಂತಿದಾರೆ ಅಂತ.

ಸಾಗರ_ಸ್ವೀಪರ್:

ಹಾಂ ಇದು ಒಪ್ದೆ. ನಮ್ ಕಡೆ ಅಡಿಕೆ ತೋಟ ಚೇಣಿಗೆ ಕೊಡ್ತಾರಲ್ಲ, ಚೇಣಿ ಹಿಡಿದೋನು ಆ ವರ್ಷದ ಕೊನೆ ಕೊಯ್ಕೊಂಡು ಹೋಗ್ತಾನೆ, ಬುಡಕ್ಕೆ ಗೊಬ್ಬರ ಹಾಕದು ಸಸಿ ನೆಡದು ಅವನ ಕೆಲಸ ಅಲ್ಲ. ಈ ದೊಡ್ಡ ಕ್ಲಬ್ಬಿನೋರು ಸಸಿ ನೆಟ್ಟು ಹೆಸರು ಮಾಡಿದೋನನ್ನ ಹುಡುಕಿ ಕರ್ಕೊಂಡ್ ಬಂದು ಚೇಣಿ ಲೆಕ್ಕ ಕೇಳ್ತಾರೆ. 

ಆದ್ರೂ ಹಾಡ್ಜ್‌ಸನ್‌ಗೆ ನಿಮ್ ರೂಲ್ ಕೂರಲ್ಲ ಹಳಬರೇ, ಅವನು ಬಂದಾಗ ಲಿವರ್‌ಪೂಲ್ ಏಳನೇ ಜಾಗಕ್ಕೆ ಬಿದ್ದೇ ಇತ್ತು.

ಭದ್ರಾವತಿ_ಹಳಬ:

ಬಿದ್ದಿತ್ತು, ಆದ್ರೆ ಹಿಂದೆ ನಿಲ್ಲೋರು ಯಾರಿದ್ರು? ಓನರ್‌ಗಳು ಹಿಕ್ಸ್ ಮತ್ತೆ ಜಿಲೆಟ್ ಸಾಲದಲ್ಲಿ ಮುಳುಗಿ ಕೋರ್ಟ್ ಮೆಟ್ಟಿಲು ಹತ್ತಿದ್ರು, ಅಕ್ಟೋಬರಲ್ಲಿ ಕ್ಲಬ್ಬೇ ಕೈ ಬದಲಾಯ್ತು. ಹೊಸ ಓನರ್‌ಗೆ ಇವನು ಹಳೇ ಓನರ್ ತಂದ ಸಾಮಾನು.

ವೆಸ್ಟ್‌ಬ್ಲಾಕ್_ಶಿವಮೊಗ್ಗ:

ಎಲ್ರೂ ಇಂಗ್ಲೆಂಡಲ್ಲೇ ಇದೀರಲ್ಲ, ಸ್ವಲ್ಪ ಇಂಡಿಯಾಗೆ ಬನ್ನಿ ಗುರು. ನಮ್ಮ ಇಂಡಿಯನ್ ಕೋಚ್ ಖಾಲಿದ್ ಜಮೀಲ್ ಕಥೆ ಯಾಕೆ ಯಾರೂ ತೆಗೀಲಿಲ್ಲ? ಐಜ್ವಾಲ್ ಎಫ್‌ಸಿ, ಹಿಂದಿನ ಸೀಸನ್‌ನಲ್ಲಿ ಐ-ಲೀಗ್ ಅನ್ನೋ ಆಗಿನ ನ್ಯಾಷನಲ್ ಲೀಗ್‌ನಿಂದ ರೆಲಿಗೇಟ್ ಆಗಿ (ಕೆಳಗಿನ ಡಿವಿಷನ್‌ಗೆ ಬಿದ್ದು) ಆಮೇಲೆ ವಾಪಸ್ ಸೇರಿಸ್ಕೊಂಡಿದ್ದ ಟೀಮು, ಅದನ್ನ ಕಟ್ಕೊಂಡು 2016-17ರಲ್ಲಿ ಚಾಂಪಿಯನ್ ಮಾಡಿದ, 37 ಪಾಯಿಂಟ್, ಮೋಹನ್ ಬಗಾನ್ 36. ನಾನು ಬೆಂಗಳೂರು ಎಫ್‌ಸಿ ಫ್ಯಾನು, ಆ ವರ್ಷ ನಾವು ಹಾಲಿ ಚಾಂಪಿಯನ್ನು, ಬೆಟ್ಟದ ಮೇಲಿನ ಊರಿನ ಹುಡುಗ್ರು ನಮ್ಮನ್ನೂ ಕೋಲ್ಕತ್ತಾದ ಎರಡು ಟೀಮನ್ನೂ ಹಿಂದೆ ಹಾಕಿ ಹೋದ್ರು. ಹೊಟ್ಟೆ ಉರೀತು ಆದ್ರೆ ಖುಷಿನೂ ಆಯ್ತು.

ಮುಂದಿನ ಸೀಸನ್‌ಗೇ ಈಸ್ಟ್ ಬೆಂಗಾಲ್ ಎತ್ಕೊಂಡ್ ಹೋಯ್ತು, ಐಜ್ವಾಲ್‌ನ ಆಟಗಾರ ಅಲ್ ಅಮ್ನಾ ಕೂಡ ಅಲ್ಲಿಗೆ ಬಂದ. ನಾಲ್ಕನೇ ಜಾಗ, ಕೆಲಸ ಹೋಯ್ತು. ಇಲ್ಲಿ ನೋಡಿ ಹಳಬರ ರೂಲು ಅರ್ಧ ಮುರೀತು, ಈಸ್ಟ್ ಬೆಂಗಾಲ್ 2003-04ರ ಮೇಲೆ ನ್ಯಾಷನಲ್ ಲೀಗ್ ಗೆದ್ದೇ ಇರಲಿಲ್ಲ, ಬಿದ್ದ ಕ್ಲಬ್ಬೇ ಅದು. ಆದ್ರೆ ಬಿದ್ದ ಕ್ಲಬ್ಬಲ್ಲಿ ಎರಡು ಥರ, ಒಂದು ಸರಿ ಬಿದ್ವಿ ನಿಧಾನ ಎದ್ದೇಳಣ ಅನ್ನೋದು, ಇನ್ನೊಂದು ಪ್ರತಿ ವರ್ಷ ಇದೇ ವರ್ಷ ಗೆಲ್ಲಲೇಬೇಕು ಅಂತ ಬೊಬ್ಬೆ ಹೊಡೆಯೋದು. ಕೋಲ್ಕತ್ತಾದಲ್ಲಿ ಒಂದು ಡರ್ಬಿ (ಈಸ್ಟ್ ಬೆಂಗಾಲ್-ಮೋಹನ್ ಬಗಾನ್ ಮ್ಯಾಚು) ಸೋತ್ರೆ ಎಂತ ಆಗುತ್ತೆ ಅಂತ ಗೊತ್ತಿದ್ದೋರಿಗೆ ಹೇಳ್ಬೇಕಿಲ್ಲ.

ಆಮೇಲೆ ಮೋಹನ್ ಬಗಾನ್‌ನಲ್ಲೂ ಸ್ವಲ್ಪ ದಿನ ಇದ್ದ, ಆಗಲಿಲ್ಲ. ಎಲ್ರೂ ಇವನು ಸಣ್ಣ ಟೀಮಿಗೇ ಲಾಯಕ್ಕು ಅಂದ್ರು. ನಾರ್ತ್‌ಈಸ್ಟ್ ಯುನೈಟೆಡ್‌ನ ಸೀಸನ್ ಮಧ್ಯದಲ್ಲಿ ತಗೊಂಡು 2020-21ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ಗೆ ಒಯ್ದ, ಒಬ್ಬ ಭಾರತೀಯ ಕೋಚ್ ಅಷ್ಟು ದೂರ ಹೋಗಿದ್ದು ಅದೇ ಮೊದ್ಲು. 2025ರ ಆಗಸ್ಟ್‌ನಲ್ಲಿ ಇಂಡಿಯಾ ಟೀಮೇ ಕೈಗೆ ಬಂತು.

ತೀರ್ಥಳ್ಳಿ_ಬ್ಲೂ:

ಹಾಗಾದ್ರೆ ಖಾಲಿದ್ ದೊಡ್ಡ ಕ್ಲಬ್ಬಲ್ಲಿ ಫೇಲ್ ಅಂತ ಬರ್ಕೊಳ್ಳೋದಾ ಬೇಡ್ವಾ?

ವೆಸ್ಟ್‌ಬ್ಲಾಕ್_ಶಿವಮೊಗ್ಗ:

ಈಸ್ಟ್ ಬೆಂಗಾಲ್ ಬರ್ಕೊಳ್ಳಿ, ಪೂರ್ತಿ ಸೀಸನ್ ಸಿಕ್ಕಿತ್ತು. ಮೋಹನ್ ಬಗಾನ್ ಬೇಡ, ಅಲ್ಲಿಗೆ ಹೋಗಿದ್ದು 2019ರ ಜನವರಿಲಿ, ಸೀಸನ್ ಅರ್ಧ ಆಗಿತ್ತು, ಟೀಮ್ ಇನ್ನೊಬ್ಬ ಕೋಚ್ ಕಟ್ಟಿದ್ದು.

ಸಾಗರ_ಸ್ವೀಪರ್:

ಅದೇ ಲೆಕ್ಕ ಆದ್ರೆ ಪಾಟರ್‌ನೂ ಅಳಿಸ್ಬೇಕು ಮಾರಾಯ, ಅವನು ಬಂದಿದ್ದೂ ಸೆಪ್ಟೆಂಬರಲ್ಲಿ.