ಟಿ-ರೆಗ್ (ರೋಗನಿರೋಧಕ ಪ್ರತಿಕ್ರಿಯೆಯನ್ನು ತಡೆಯುವ ಟಿ ಕೋಶ) ತೆಗೆದರೂ ಆಂಟಿಬಾಡಿ ಏರುತ್ತಿಲ್ಲ, ಮೂರನೇ ಸಲ. ದಯವಿಟ್ಟು ಸಹಾಯ ಮಾಡಿ

ಗುಲ್ಮ_27:
ಮತ್ತೆ ಅದೇ ಕಥೆ. ತಲೆ ಕೆಟ್ಟು ಹೋಗಿದೆ. ಇಲಿಗೆ ಕುರಿಯ ಕೆಂಪು ರಕ್ತಕಣ ಚುಚ್ಚಿದೆ, ಟಿ-ರೆಗ್ ತೆಗೆಯುವ ಪಿಸಿ61 ಆಂಟಿಬಾಡಿ ಕೊಟ್ಟೆ, 5ನೇ ದಿನ ಸ್ಪ್ಲೀನ್ (ಗುಲ್ಮ) ತೆಗೆದು ಪ್ಲಾಕ್ (ಆಂಟಿಬಾಡಿ ಸುರಿಸುವ ಕೋಶದ ಸುತ್ತ ಕುರಿ ಕಣ ಒಡೆದು ಆಗುವ ಚುಕ್ಕೆ) ಎಣಿಸಿದೆ. ಸಪ್ರೆಸರ್ ಟಿ ಕೋಶಗಳು, ಅಂದರೆ ಟಿ-ರೆಗ್, ಹೋದ ಮೇಲೆ ಪ್ಲಾಕ್ ಜಾಸ್ತಿ ಆಗಬೇಕು ಅಲ್ವಾ? ಕಂಟ್ರೋಲ್‌ನಲ್ಲಿ ಎಷ್ಟಿದೆಯೋ ಇಲ್ಲೂ ಅಷ್ಟೇ. ಎರಡು ಇಲಿಯಲ್ಲಂತೂ ಕಡಿಮೆಯೇ ಇದೆ. ಟಿ-ರೆಗ್ ಹೋಗಿರುವುದನ್ನು ಫ್ಲೋದಲ್ಲಿ (ಬಣ್ಣ ಅಂಟಿಸಿದ ಆಂಟಿಬಾಡಿಯಿಂದ ಕೋಶ ಗುರುತಿಸಿ ಎಣಿಸುವ ಯಂತ್ರ) ನೋಡಿಯಾಗಿದೆ, ಅದರ ಬಗ್ಗೆ ಅನುಮಾನ ಬೇಡ. 24 ಇಲಿ ಮುಗಿದವು. ಇನ್ನೂ ಬೇಕು ಅಂತ ಗೈಡ್ ಹತ್ತಿರ ಯಾವ ಬಾಯಲ್ಲಿ ಕೇಳಲಿ?

ಹಳೇಬೆಂಚು:
ಮೊದಲು ಕಾಂಪ್ಲಿಮೆಂಟ್ ನೋಡಿ, ಆಂಟಿಬಾಡಿ ಕೂತ ಕುರಿ ಕಣವನ್ನು ಒಡೆಯುವ ಸೀರಂ ಪ್ರೋಟೀನು ಅದೇ. ಗಿನಿಪಿಗ್ ಸೀರಂ ಒಂದು ಸಲ ಕರಗಿಸಿ ಮತ್ತೆ ಫ್ರೀಜ್ ಮಾಡಿದರೆ ಅದರ ಕಸುವು ಹೋಯಿತು ಅಂತಲೇ ತಿಳಿಯಿರಿ. ನಾನು ಸಣ್ಣ ಸಣ್ಣ ಟ್ಯೂಬಿಗೆ ಹಾಕಿ ಮೈನಸ್ 80ರಲ್ಲಿ ಇಡುತ್ತೇನೆ. ಉಳಿದದ್ದನ್ನು ಚೆಲ್ಲುತ್ತೇನೆ.

ಗುಲ್ಮ_27:
ಕಂಟ್ರೋಲ್‌ನಲ್ಲಿ ಪ್ಲಾಕ್ ಚೆನ್ನಾಗಿಯೇ ಬರುತ್ತಿವೆ ಸರ್. ಎರಡಕ್ಕೂ ಒಂದೇ ಟ್ಯೂಬಿನ ಕಾಂಪ್ಲಿಮೆಂಟ್ ಹಾಕಿದ್ದೇನೆ.

ಹಳೇಬೆಂಚು:
ಬಂದರೆ ಸಾಲದು. ಕಾಂಪ್ಲಿಮೆಂಟ್ ಅರ್ಧ ಸತ್ತಿದ್ದರೆ ಚಿಕ್ಕ ಪ್ಲಾಕ್ ಕಣ್ಣಿಗೇ ಬೀಳುವುದಿಲ್ಲ. ಸ್ಲೈಡ್ ಬೆಳಕಿಗೆ ಹಿಡಿದು ನೋಡಿ. ಕೆಂಪಿನ ನಡುವೆ ತಿಳಿಯಾದ ಚುಕ್ಕೆ ಇರಬೇಕು, ಮೈಕ್ರೋಸ್ಕೋಪಿನಲ್ಲಿ ಅದರ ಮಧ್ಯೆ ಒಂದೇ ಒಂದು ಕೋಶ ಕೂತಿರಬೇಕು. ಕೋಶ ಇಲ್ಲದಿದ್ದರೆ ಅದು ಗಾಳಿಗುಳ್ಳೆ. ಎರಡು ಸ್ಲೈಡಿನ ಅಂಚಿಗೆ ಮೇಣ ಸರಿಯಾಗಿ ಹಚ್ಚಿದಿರಾ? 37 ಡಿಗ್ರಿಯಲ್ಲಿ ಒಂದು ಗಂಟೆಯಾದರೂ ಇಟ್ಟಿರಾ?

ಇಲಿಮನೆ_ಶ್ರೀ:
ಮೇಡಂ, ಮುಖ್ಯವಾದದ್ದನ್ನೇ ಬರೆದಿಲ್ಲ. ಯಾವ ತಳಿ? ಪಿಸಿ61 ಯಾವ ದಿನ, ಎಷ್ಟು? ಕಂಟ್ರೋಲ್‌ಗೆ ಏನು ಕೊಟ್ಟಿರಿ? ಫ್ಲೋದಲ್ಲಿ ಯಾವ ಕ್ಲೋನಿನ (ಒಂದೇ ಕೋಶವಂಶದ) ಆಂಟಿಬಾಡಿ?

ಥೈಮಸ್_ಕಿಟಕಿ:
ಅದಕ್ಕೂ ಮೊದಲು ಒಂದು ಮಾತು. 'ಸಪ್ರೆಸರ್' ಅನ್ನುವ ಹೆಸರು ಬಿಡಿ. ಅವುಗಳಿಗೆ ಐ-ಜೆ ಅನ್ನುವ ಗುರುತು ಇದೆ ಅಂತ 1976ರಲ್ಲಿ ಹೇಳಿದರು. 80ರ ದಶಕದ ಶುರುವಿನಲ್ಲಿ ಆ ಗುರುತಿನ ಜೀನ್ ಇರಬೇಕಿದ್ದ ಭಾಗದ ಡಿಎನ್‌ಎ ಬಿಡಿಸಿ ನೋಡಿದರೆ ಅಂಥ ಜೀನಿಗೆ ಅಲ್ಲಿ ಜಾಗವೇ ಇರಲಿಲ್ಲ.

ಹಳೇಬೆಂಚು:
ಗುರುತು ತಪ್ಪಿರಬಹುದು, ಕಂಡದ್ದು ತಪ್ಪಲ್ಲ. ಥೈಮಸ್ ಕೋಶ (ಟಿ ಕೋಶ) ಅಂದರೆ ಸಹಾಯ ಮಾಡುವುದು ಅಂತಷ್ಟೇ ಜನ ತಿಳಿದಿದ್ದ ಕಾಲ ಅದು. ಯೇಲ್‌ನಲ್ಲಿ ಗರ್ಶನ್ ಮತ್ತು ಕೊಂಡೊ 1970-71ರಲ್ಲಿ ಇದೇ ಕುರಿ ರಕ್ತಕಣ ಇಟ್ಟುಕೊಂಡು ಅದೇ ಕೋಶ ತಡೆಯಲೂ ಬಲ್ಲದು ಅಂತ ತೋರಿಸಿದರು. ಕುರಿ ಕಣಕ್ಕೆ ಪ್ರತಿಕ್ರಿಯಿಸದೆ ಸುಮ್ಮನಾದ ಇಲಿಯ ಸ್ಪ್ಲೀನ್ ಕೋಶ ಇನ್ನೊಂದು ಇಲಿಗೆ ಹಾಕಿದರೆ ಅಲ್ಲೂ ಆಂಟಿಬಾಡಿ ಕುಗ್ಗಿತು. ಆ ಕೆಲಸವನ್ನು ಹೆಸರಿನ ಜೊತೆಗೇ ಎಸೆಯುವುದು ನನಗೆ ಸರಿ ಕಾಣುವುದಿಲ್ಲ.

ಥೈಮಸ್_ಕಿಟಕಿ:
ಎಸೆಯಿರಿ ಅಂದಿಲ್ಲ. ಆದರೆ ಆ ಕೋಶವನ್ನು ಬೇರೆ ಮಾಡಿ ಕೈಯಲ್ಲಿ ಹಿಡಿಯುವ ದಾರಿ ಇರಲಿಲ್ಲ. 1995ರಲ್ಲಿ ಜಪಾನಿನ ಸಕಾಗುಚಿ ಆ ಕೋಶದ ಮೇಲಿನ ಸಿಡಿ25 ಅನ್ನುವ ಗುರುತು ತೋರಿಸಿದರು, 2003ರಲ್ಲಿ ಅದನ್ನು ರೂಪಿಸುವ ಫಾಕ್ಸ್‌ಪಿ3 ಜೀನಿನ ಜೊತೆ ನಂಟು ಸಿಕ್ಕಿತು. ಜನ ನಂಬಿದ್ದು ಆಮೇಲೆ. 2025ರ ನೊಬೆಲ್ ಬಂದದ್ದೂ ಆ ದಾರಿಗೇ.

ಐದು_ಲೇಸರ್:
ನಮ್ಮಲ್ಲಿ ಹೋದ ತಿಂಗಳು ಐದು ಲೇಸರಿನ ಫ್ಲೋ ಯಂತ್ರ ಬಂದಿದೆ. ಒಂದೇ ಟ್ಯೂಬಿನಲ್ಲಿ 22 ಬಣ್ಣ ಓಡಿಸುತ್ತೇವೆ. ಹಳೆಯದರಲ್ಲಿ ನಾಲ್ಕು ಬಣ್ಣಕ್ಕೇ ಪರದಾಡುತ್ತಿದ್ದೆವು. ಜರ್ಮಿನಲ್ ಸೆಂಟರಿನ (ಬಿ ಕೋಶಗಳು ಒಳ್ಳೆಯ ಆಂಟಿಬಾಡಿಗಾಗಿ ಪಳಗುವ ಜಾಗ) ಕೋಶಗಳು ಎಷ್ಟು ಚೆನ್ನಾಗಿ ಬೇರೆಯಾಗಿ ಕಾಣುತ್ತವೆ ಅಂದರೆ ನೋಡುತ್ತಲೇ ಇರೋಣ ಅನಿಸುತ್ತದೆ.

ಇಲಿಮನೆ_ಶ್ರೀ:
ಯಂತ್ರ, ನೊಬೆಲ್ ಎಲ್ಲ ಆಮೇಲೆ. ಮೇಡಂ ಉತ್ತರ ಕೊಡಲಿ.

ಗುಲ್ಮ_27:
ಕ್ಷಮಿಸಿ, ಇದೆಲ್ಲ ಎಲ್ಲರೂ ಮಾಡುವ ಹಾಗೇ ಅಂದುಕೊಂಡು ಬರೆದಿರಲಿಲ್ಲ. ಬಿ6 ತಳಿಯ ಹೆಣ್ಣು ಇಲಿ, 8 ವಾರ. ಕುರಿ ಕಣ ಕೊಟ್ಟ ಮರುದಿನ ಪಿಸಿ61, ಇಲಿಗೆ 250 ಮೈಕ್ರೋಗ್ರಾಂ. ಕಂಟ್ರೋಲ್‌ಗೆ ಪಿಬಿಎಸ್ (ಬರೀ ಉಪ್ಪಿನ ದ್ರಾವಣ). ಫ್ಲೋಗೆ ಸಿಡಿ25-ಪಿಇ (ಪಿಇ ಬಣ್ಣ ಅಂಟಿಸಿದ ಸಿಡಿ25 ಆಂಟಿಬಾಡಿ). ಬಾಟಲಿ ಮೇಲೆ ಕ್ಲೋನ್ ಪಿಸಿ61 ಅಂತ ಇದೆ.

ಇಲಿಮನೆ_ಶ್ರೀ:
ಸಿಕ್ಕಿತು ನೋಡಿ. ಇಲಿಗೆ ಚುಚ್ಚಿದ ಕ್ಲೋನಿನಿಂದಲೇ ಬಣ್ಣ ಹಾಕಿದ್ದೀರಿ. ಚುಚ್ಚಿದ ಆಂಟಿಬಾಡಿ ಸಿಡಿ25 ಮೇಲೆ ಆಗಲೇ ಕೂತಿದೆ, ಬಣ್ಣದ್ದಕ್ಕೆ ಜಾಗ ಎಲ್ಲಿ? ಕೋಶ ಜೀವಂತ ಇದ್ದರೂ ಫ್ಲೋದಲ್ಲಿ ಖಾಲಿ ಕಾಣುತ್ತದೆ. 7ಡಿ4 ಕ್ಲೋನ್ ಅದೇ ಸಿಡಿ25ರ ಬೇರೆ ಕಡೆ ಕೂರುತ್ತದೆ, ಅದನ್ನು ಬಳಸಿ. ಜೊತೆಗೆ ಕೋಶದ ಒಳಗಿನ ಫಾಕ್ಸ್‌ಪಿ3 ಕೂಡ ನೋಡಿ.

ಇನ್ನು ದಿನದ ವಿಷಯ. ಸಹಾಯಕ ಟಿ ಕೋಶ ಎಚ್ಚೆತ್ತಾಗ ಅದೂ ಸಿಡಿ25 ತೊಡುತ್ತದೆ. ಕುರಿ ಕಣ ನೋಡಿ ಎದ್ದ ಸಹಾಯಕರಿಗೂ ಮರುದಿನ ನಿಮ್ಮ ಪಿಸಿ61 ತಗುಲಿದೆ. ಎರಡು ಇಲಿಯಲ್ಲಿ ಪ್ಲಾಕ್ ಕಡಿಮೆಯಾದದ್ದು ಅದರಿಂದಲೇ ಇರಬಹುದು. ಮೂರು ನಾಲ್ಕು ದಿನ ಮೊದಲೇ ಕೊಡಿ. ಆಂಟಿಬಾಡಿ ರಕ್ತದಲ್ಲಿ ಬಹಳ ದಿನ ಇರುತ್ತದೆ, ಆದ್ದರಿಂದ ಆಗಲೂ ಸ್ವಲ್ಪ ಅನುಮಾನ ಉಳಿಯುತ್ತದೆ. ಕಂಟ್ರೋಲ್‌ಗೆ ಪಿಬಿಎಸ್ ಬೇಡ, ಪಿಸಿ61ರ ಬಗೆಯದೇ ಆದರೆ ಸಿಡಿ25ಕ್ಕೆ ಅಂಟದ ರ್‍ಯಾಟ್ ಐಜಿಜಿ1 ಕೊಡಿ.

ಹಳೇಬೆಂಚು:
ಇದನ್ನು ಒಪ್ಪುತ್ತೇನೆ. ಆದರೂ ಕಾಂಪ್ಲಿಮೆಂಟ್ ಹೊಸ ಲಾಟ್ ತಂದು ಒಮ್ಮೆ ನೋಡಿ.

ಗುಲ್ಮ_27:
ಮೂರನೇ ಸಲದ ಸ್ಪ್ಲೀನ್ ಕೋಶ ಸ್ವಲ್ಪ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಉಳಿದಿತ್ತು. ನಿನ್ನೆ ರಾತ್ರಿ ಫಾಕ್ಸ್‌ಪಿ3 ಹಾಕಿ ನೋಡಿದೆ. ಫ್ಲೋ ಚಿತ್ರದಲ್ಲಿ ಸಿಡಿ25 ಇಲ್ಲ ಅಂತ ಕಾಣುವ ಮೂಲೆಯಲ್ಲೇ ಫಾಕ್ಸ್‌ಪಿ3 ಕೋಶಗಳು ಗುಂಪಾಗಿ ಕೂತಿವೆ. ಕಂಟ್ರೋಲ್‌ನ ಅರ್ಧಕ್ಕಿಂತ ಜಾಸ್ತಿಯೇ ಇವೆ. ಮೂರು ಸಲವೂ ನಾನು ಅವನ್ನು ಸರಿಯಾಗಿ ತೆಗೆದೇ ಇರಲಿಲ್ಲ.

ಥೈಮಸ್_ಕಿಟಕಿ:
ಹಾಗಾದರೆ ಇದನ್ನೂ ಸೇರಿಸಿಕೊಳ್ಳಿ. 5ನೇ ದಿನ ಡೈರೆಕ್ಟ್ ಪ್ಲಾಕ್‌ನಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಐಜಿಎಂ, ಮೊದಲು ಬರುವ ಬಗೆಯ ಆಂಟಿಬಾಡಿ. ಜರ್ಮಿನಲ್ ಸೆಂಟರ್ ಆಗಿನ್ನೂ ಕಟ್ಟಿಕೊಳ್ಳುತ್ತಿರುತ್ತದೆ. ಅಲ್ಲಿ ಕಾವಲಿರುವ ಟಿ-ಎಫ್‌ಆರ್ (ಫಾಲಿಕ್ಯುಲರ್ ಟಿ-ರೆಗ್) ಕೋಶಗಳನ್ನು 2011ರಲ್ಲಿ ಗುರುತಿಸಿದರು. ಅವುಗಳಲ್ಲಿ ಸಿಎಕ್ಸ್‌ಸಿಆರ್5, ಪಿಡಿ-1, ಫಾಕ್ಸ್‌ಪಿ3 ಮೂರೂ ಗುರುತು ಇರುತ್ತವೆ. ಬಲಿತ ಟಿ-ಎಫ್‌ಆರ್ ಸಿಡಿ25 ಕಳಚಿಬಿಡುತ್ತದೆ. ಅಂದರೆ ಆಂಟಿಬಾಡಿಯನ್ನು ಹತ್ತಿರದಿಂದ ಕಾಯುವ ಕೋಶಕ್ಕೆ ಪಿಸಿ61 ತಾಗುವುದೇ ಕಷ್ಟ. 10ನೇ ದಿನ, 14ನೇ ದಿನ ಸೀರಂ ತೆಗೆದು ಐಜಿಜಿ (ಆಮೇಲೆ ಬರುವ ಬಗೆಯ ಆಂಟಿಬಾಡಿ) ನೋಡಿ. ಫಾಕ್ಸ್‌ಪಿ3-ಡಿಟಿಆರ್ ಇಲಿ (ಈ ಟಾಕ್ಸಿನ್‌ಗೆ ಟಿ-ರೆಗ್ ಮಾತ್ರ ಸಾಯುವಂತೆ ಮಾಡಿದ ತಳಿ) ಸಿಕ್ಕರೆ ಡಿಫ್ತೀರಿಯಾ ಟಾಕ್ಸಿನ್ ಕೊಟ್ಟು ತೆಗೆಯುವುದು ಇದಕ್ಕಿಂತ ನೇರ.

ಗುಲ್ಮ_27:
ಆ ಇಲಿ ನಮ್ಮಲ್ಲಿಲ್ಲ. ಸದ್ಯಕ್ಕೆ ಆರೇ ಇಲಿ ಕೇಳುತ್ತೇನೆ. ಪಿಸಿ61 ನಾಲ್ಕು ದಿನ ಮೊದಲು. ಮೊದಲು ತೆಗೆಯುವ ಕೆಲಸ ನಿಜವಾಗಿ ಆಗುತ್ತಿದೆಯಾ ಅಂತ ನೋಡಬೇಕು. ಪ್ಲಾಕ್ ಆಮೇಲೆ. ಟಿ-ಎಫ್‌ಆರ್ ನೋಡಲು ನಮ್ಮ ಯಂತ್ರದಲ್ಲಿ ಅಷ್ಟು ಬಣ್ಣ ಇಲ್ಲ.

ಐದು_ಲೇಸರ್:
ನಮ್ಮಲ್ಲಿಗೆ ತನ್ನಿ. ಸ್ಪ್ಲೀನ್ ಐಸ್ ಮೇಲಿರಲಿ. ಒಂದೊಂದೇ ಬಣ್ಣದ ಟ್ಯೂಬ್ ಬೇರೆಯಾಗಿ ಮಾಡಿಕೊಂಡು ಬನ್ನಿ, ಅವಿಲ್ಲದೆ ಯಂತ್ರ ಹೊಂದಿಸಲು ಆಗುವುದಿಲ್ಲ. ಗುರುವಾರ ಮಧ್ಯಾಹ್ನ ಸ್ಲಾಟ್ ಖಾಲಿ ಇದೆ, ನಿಮ್ಮ ಹೆಸರು ಬರೆದಿಡಲಾ?