ಎಂ-ಸ್ಯಾಂಡ್ ಜಾಸ್ತಿ ಲೋಡ್ ಮಾಡಲು ಪರ್ಮಿಟ್ ಅಂತ ಇದೆಯಾ? ಮಳೆಗಾಲದಲ್ಲಿ ಕೊಡಗಿನ ಕಡೆ ಹೋಗಬಹುದಾ?

ಪಾಂಡವಪುರ ಟಿಪ್ಪರ್:

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕು. ನಾನು ಮತ್ತು ನಮ್ಮ ಭಾವ ಸೇರಿ ಹೋದ ವರ್ಷ ಒಂದು ಹತ್ತು ಚಕ್ರದ ಟಿಪ್ಪರ್ ತಗೊಂಡೆವು. ಆರ್‌ಸಿಯಲ್ಲಿ ಒಟ್ಟು ತೂಕ 28,500 ಕೆಜಿ ಅಂತ ಇದೆ. ಖಾಲಿ ಗಾಡಿಯೇ 11 ಟನ್ ತೂಗುತ್ತದೆ. ಕ್ರಷರ್‌ನಲ್ಲಿ ಎಂ-ಸ್ಯಾಂಡ್ ತುಂಬಿಸಿಕೊಂಡು ಇಲವಾಲ, ಹುಣಸೂರು, ಕುಶಾಲನಗರ, ಕೆಲವು ಸಲ ಮಡಿಕೇರಿ ತನಕ ಹೊಡೆಯುತ್ತೇವೆ.

ಹೋದ ವಾರ ದಾರಿಯಲ್ಲಿ ಗಾಡಿ ನಿಲ್ಲಿಸಿ ತೂಕ ಹಾಕಿಸಿದರು. ಚೀಟಿಯಲ್ಲಿ 34,500 ಬಂತು. ಮನೆ ಕಟ್ಟಿಸುವವರು ಐದು ಯೂನಿಟ್ (ಒಂದು ಯೂನಿಟ್ ಅಂದರೆ ನೂರು ಘನ ಅಡಿ) ಬೇಕು ಅಂದಿದ್ದರು, ನಾವೂ ಅಷ್ಟೇ ಹಾಕಿಸಿದ್ದು. ದಂಡ ಒಂದು ಕಡೆ, ಹೆಚ್ಚಿನ ಮರಳು ಇಳಿಸದೆ ಗಾಡಿ ಬಿಡಲ್ಲ ಅಂದರು. ಭಾವ ಮತ್ತು ಕ್ಲೀನರ್ ಹುಡುಗ ಸನಿಕೆ ಹಿಡಿದು ರಾತ್ರಿ ಹನ್ನೊಂದರ ತನಕ ಇನ್ನೊಂದು ಗಾಡಿಗೆ ತುಂಬಿದರು. ಆ ಗಾಡಿ ಬಾಡಿಗೆಯೂ ನಮ್ಮ ಮೇಲೆಯೇ ಬಿತ್ತು.

ಈಗ ಒಬ್ಬ ಏಜೆಂಟ್ ಬಂದು, ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಓವರ್‌ಲೋಡ್ ಪರ್ಮಿಟ್ ಮಾಡಿಸಿಕೊಡುತ್ತೇನೆ, ಆಮೇಲೆ ಯಾರೂ ಕೇಳಲ್ಲ ಅಂತಿದ್ದಾನೆ. ಅಂಥದ್ದು ನಿಜವಾಗಿ ಇದೆಯಾ? ಇನ್ನೊಂದು, ಜೂನ್ ಬಂತು, ಕೊಡಗಿನಲ್ಲಿ ದೊಡ್ಡ ಗಾಡಿ ಬಿಡಲ್ಲ ಅಂತಾರೆ. ಎಲ್ಲಿಂದ ಎಲ್ಲಿಗೆ, ಯಾವ ಗಾಡಿಗೆ? ಎಲ್ಲರೂ ಐದು ಹಾಕುವಾಗ ನಾವು ಮೂರೂವರೆ ಹಾಕಿದರೆ ಯಾರು ಕರೆಯುತ್ತಾರೆ ಅಂತ ಭಾವನ ಕೇಳಿಕೆ. ತಿಳಿದವರು ಹೇಳಿ.

ಪೇಪರ್ ಕೆಲಸ, ಮೈಸೂರು:

ದುಡ್ಡು ಕೊಡಬೇಡಿ. ಮರಳಿಗೆ, ಜಲ್ಲಿಗೆ, ಕಬ್ಬಿಗೆ ಓವರ್‌ಲೋಡ್ ಪರ್ಮಿಟ್ ಅನ್ನುವುದು ಇಲ್ಲವೇ ಇಲ್ಲ. ಬಿಡಿಸಿ ಎರಡು ಗಾಡಿಗೆ ಹಾಕಲು ಆಗದ ಸಾಮಾನು ಇರುತ್ತದಲ್ಲ, ದೊಡ್ಡ ಟ್ರಾನ್ಸ್‌ಫಾರ್ಮರ್, ಟರ್ಬೈನ್ ಥರದ್ದು, ಅದಕ್ಕೆ ವಿಶೇಷ ಅನುಮತಿ ಕೊಡುತ್ತಾರೆ. ಅದನ್ನು ಹೊರುವುದು ಸಾಲುಸಾಲು ಚಕ್ರದ ಹೈಡ್ರಾಲಿಕ್ ಟ್ರೇಲರ್. ಯಾವ ದಾರಿ, ಯಾವ ಸೇತುವೆ ಅಂತ ನೋಡಿ ಕೊಡುವ ಅನುಮತಿ ಅದು. ಅಂಥ ಟ್ರೇಲರ್‌ಗಳನ್ನೂ ಟ್ರ್ಯಾಕ್ಟರ್‌ಗಳನ್ನೂ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬಿಡುತ್ತಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಮರಳು ಅಂದರೆ ಸನಿಕೆಯಲ್ಲಿ ಎತ್ತಿ ಇನ್ನೊಂದು ಗಾಡಿಗೆ ಹಾಕಬಹುದಾದ ಮಾಲು. ನಿಮ್ಮ ಭಾವ ಅವತ್ತು ಮಾಡಿದ್ದೂ ಅದನ್ನೇ ಅಲ್ವಾ?

ಏಜೆಂಟ್ ಯಾವುದೋ ಕಾಗದ ತೋರಿಸಿದರೆ ಸರಿಯಾಗಿ ಓದಿ. ಗಣಿ ಇಲಾಖೆಯ ಎಂಡಿಪಿ (ಖನಿಜ ಸಾಗಣೆ ಪರ್ಮಿಟ್) ಬೇರೆ, ಅದು ಆ ಕಲ್ಲು-ಮರಳಿಗೆ ರಾಜಧನ ಕಟ್ಟಿದೆ ಅನ್ನುವ ಲೆಕ್ಕ. ನ್ಯಾಷನಲ್ ಪರ್ಮಿಟ್ ಬೇರೆ, ಅದು ಬೇರೆ ರಾಜ್ಯಕ್ಕೆ ಹೋಗಲು. ಇವೆರಡರಲ್ಲಿ ಯಾವುದೂ ತೂಕ ಜಾಸ್ತಿ ಮಾಡಿಕೊಡಲ್ಲ.

ತೂಕಕ್ಕೆ ನಿಮ್ಮ ಆರ್‌ಸಿಯಲ್ಲಿ ಬರೆದಿರುವುದೇ ಮಿತಿ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಿತಿ ಏರಿಸಿತು. ಆರು ಚಕ್ರದ್ದು 16.2 ಟನ್ ಇದ್ದದ್ದು 18.5 ಆಯಿತು, ಹತ್ತು ಚಕ್ರದ್ದು 25 ಇದ್ದದ್ದು 28.5 ಆಯಿತು. ಅಂದರೆ ನೀವು ಕೇಳುವ ಹೆಚ್ಚುವರಿ ಆಗಲೇ ಸಿಕ್ಕಿದೆ. 2019ರ ಸೆಪ್ಟೆಂಬರ್‌ನಿಂದ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ ಮಿತಿ ಮೀರಿದರೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ಅಂತ ಇದೆ. ನಿಮ್ಮದು 6 ಟನ್ ಜಾಸ್ತಿ, ಅಂದರೆ 32,000. ಇಳಿಸುವ ಖರ್ಚೂ ನಿಮ್ಮದೇ, ಇಳಿಸದೆ ಗಾಡಿ ಬಿಡುವ ಹಾಗಿಲ್ಲ ಅಂತ ಅಲ್ಲೇ ಬರೆದಿದೆ. ಹಾಗಾಗಿ ದಂಡ ಕಟ್ಟಿಬಿಟ್ಟು ಅದೇ ಲೋಡಲ್ಲಿ ಮುಂದಕ್ಕೆ ಹೋಗುತ್ತೇನೆ ಅನ್ನುವುದು ನಡೆಯಲ್ಲ. ತೂಕ ಹಾಕಿಸಲು ನಿಲ್ಲಿಸದೆ ಓಡಿಸಿದರೆ 40,000, ಆ ತಪ್ಪು ಮಾತ್ರ ಮಾಡಬೇಡಿ. ಡ್ರೈವರ್ ಬೇರೆಯವನಾಗಿದ್ದರೂ ಮಾಲೀಕರಿಗೆ ಗೊತ್ತಿದ್ದೇ ಆಗಿದೆ ಅಂತ ಕೋರ್ಟ್ ಅಂದುಕೊಳ್ಳಬಹುದು, 113ನೇ ಸೆಕ್ಷನ್ ಓದಿ ನೋಡಿ.

ರಸ್ತೆ ಕೆಲಸದವನು:

ತಮ್ಮಾ, ನಾನು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ದಂಡದ ಮಾತು ಮೇಲಿನವರು ಹೇಳಿದ್ದಾರೆ, ನಾನು ರಸ್ತೆಯ ಮಾತು ಹೇಳುತ್ತೇನೆ, ಏಕೆಂದರೆ ಇದು ಯಾರಿಗೂ ಗೊತ್ತಿಲ್ಲ.

ತೂಕ ಕಾಲುಭಾಗ ಜಾಸ್ತಿ ಆದರೆ ರಸ್ತೆಗೆ ಪೆಟ್ಟೂ ಕಾಲುಭಾಗ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. 1958ರಿಂದ 1960ರ ತನಕ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳಲ್ಲಿ ಒಂದೊಂದು ಪಥಕ್ಕೆ ಒಂದೊಂದು ತೂಕದ ಲಾರಿಗಳನ್ನು ಸುಮ್ನೆ ಓಡಿಸಿ ಓಡಿಸಿ ನೋಡಿದರು. ಪೆಟ್ಟು ಹೆಚ್ಚುಕಡಿಮೆ ಆಕ್ಸಲ್ ತೂಕದ, ಅಂದರೆ ಚಕ್ರಗಳ ಒಂದು ಅಚ್ಚಿನ ಮೇಲೆ ಕೂರುವ ತೂಕದ, ನಾಲ್ಕನೇ ಘಾತದಷ್ಟು ಏರುತ್ತದೆ ಅಂತ ಗೊತ್ತಾಯಿತು. ಅಂದರೆ ಆಕ್ಸಲ್ ತೂಕ ಎರಡರಷ್ಟಾದರೆ ಪೆಟ್ಟು ಹದಿನಾರರಷ್ಟು. ನಿನ್ನ ಗಾಡಿಯ ಹಿಂದಿನ ಜೋಡಿ ಆಕ್ಸಲ್‌ಗೆ 21 ಟನ್ ಮಿತಿ. ಆರು ಟನ್ ಹೆಚ್ಚುವರಿ ಬಹುತೇಕ ಅದರ ಮೇಲೆಯೇ ಕೂರುತ್ತದೆ. 27 ಅಂತ ಇಟ್ಟುಕೋ. ನೀನು ಒಂದು ಸಲ ಹೋದರೆ ರಸ್ತೆಗೆ ಎರಡೂಮುಕ್ಕಾಲು ಸಲ ಹೋದಷ್ಟು ಪೆಟ್ಟು.

ನಾಲೆ ಬಯಲಿನ ರಸ್ತೆಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಪಕ್ಕದ ರಸ್ತೆಯ ಅಡಿಮಣ್ಣು ನೆನೆದು ಮೆತ್ತಗಾಗುತ್ತದೆ. ಮೇಲೆ ಡಾಂಬರು ಚೆನ್ನಾಗೇ ಕಾಣುತ್ತಿರುತ್ತದೆ. ಲೋಡ್ ಗಾಡಿ ಹೋದಾಗ ಚಕ್ರದ ಜಾಡು ಬೆರಳು ಇಳಿಯುವಷ್ಟು ತಗ್ಗಾಗುತ್ತದೆ, ಪಕ್ಕದಲ್ಲಿ ಉಬ್ಬು ಏಳುತ್ತದೆ. ಮುಂದಿನ ಮಳೆಗೆ ಆ ತಗ್ಗಲ್ಲಿ ನೀರು ನಿಂತಿತು ಅಂದರೆ ಆ ರಸ್ತೆ ಮುಗಿದ ಹಾಗೆ. ಸ್ಕೂಲ್ ಮಕ್ಕಳು ಸೈಕಲ್ ತುಳಿಯುವುದೂ ಅದೇ ರಸ್ತೆಯಲ್ಲಿ.

ಹುಣಸೂರು ಲೈನ್:

ಅಣ್ಣ, ನಾನು ಹದಿನಾಲ್ಕು ವರ್ಷದಿಂದ ಸ್ಟೀರಿಂಗ್ ಹಿಡಿದವನು. ಮಡಿಕೇರಿ ದಾಟಿ ತಾಳತ್ತಮನೆ ಕಡೆ ಇಳಿಯುವಾಗ ಒಂದು ಸಲ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತು, ಪೆಡಲ್ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯಲಿಲ್ಲ. ಎರಡನೇ ಗೇರ್‌ಗೆ ಎಳೆದು ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಅವತ್ತು ಆರು ಟನ್ ಜಾಸ್ತಿ ಇತ್ತು, ನಿಮ್ಮಷ್ಟೇ. ಅದಾದ ಮೇಲೆ ಓವರ್‌ಲೋಡ್ ಹೊಡೆಯಲು ಯಾವ ಮಾಲೀಕರಿಗೂ ಒಪ್ಪಲಿಲ್ಲ. ಹೇಳಿಬಿಡುತ್ತೇನೆ, ನಿಮ್ಮ ಭಾವನನ್ನು ಆ ಇಳಿಜಾರಿಗೆ ಐದು ಯೂನಿಟ್ ಹಾಕಿ ಕಳಿಸಬೇಡಿ.

ಇನ್ನೊಂದು, ಕ್ರಷರ್‌ನಲ್ಲಿ ತೊಳೆದು ಹಸಿಯಾಗಿ ತುಂಬಿದ ಮರಳು, ಮೇಲೆ ಮಳೆ ಬೇರೆ ಬಿದ್ದರೆ, ಬಾಡಿಯಲ್ಲಿ ಮಟ್ಟ ಅಷ್ಟೇ ಕಾಣುತ್ತದೆ, ತೂಕ ಮಾತ್ರ ಜಾಸ್ತಿ ಬರುತ್ತದೆ. ಕಣ್ಣಳತೆ ನಂಬಬೇಡಿ. ತುಂಬಿದ ಕೂಡಲೇ ತೂಕ ಹಾಕಿಸಿ, ಟಾರ್ಪಾಲ್ ಬಿಗಿಯಾಗಿ ಕಟ್ಟಿ.

ಕೊಡಗಿನ ವಿಷಯ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯೇ ಮುಚ್ಚಿಹೋಗಿತ್ತು. ಮಳೆಗಾಲ ಶುರುವಾದರೆ ಜಿಲ್ಲಾಧಿಕಾರಿ ಆದೇಶ ಬರುತ್ತದೆ. ಎಷ್ಟು ತೂಕದ ಮೇಲೆ, ಯಾವ ತಾರೀಖಿನ ತನಕ ಅಂತ ಅದರಲ್ಲೇ ಇರುತ್ತದೆ. ಮರಳು, ಮರದ ದಿಮ್ಮಿ ಗಾಡಿಗಳನ್ನು ಮೊದಲು ನಿಲ್ಲಿಸುತ್ತಾರೆ. ಹಾಲು, ಗ್ಯಾಸ್, ಪೆಟ್ರೋಲ್ ಗಾಡಿ ಬಿಡುತ್ತಾರೆ. ಕುಶಾಲನಗರದ ಹತ್ತಿರದ ಕೊಪ್ಪ ಗೇಟ್ ತನಕ ಹೋಗಿ ಎರಡು ದಿನ ಕಾಯುವುದಕ್ಕಿಂತ ಹೊರಡುವ ಮುಂಚೆ ಆದೇಶ ಓದುವುದು ಒಳ್ಳೆಯದು.

ಪೇಪರ್ ಕೆಲಸ, ಮೈಸೂರು:

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. 115ನೇ ಸೆಕ್ಷನ್ ಪ್ರಕಾರ ಒಂದು ತಿಂಗಳ ಒಳಗಿನ ನಿರ್ಬಂಧಕ್ಕೆ ಗೆಜೆಟ್‌ನಲ್ಲಿ ಹಾಕಲೇಬೇಕು ಅಂತ ಇಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಹೋದ ತಿಂಗಳ ಆದೇಶದ ಫೋಟೋ ಮೊಬೈಲಲ್ಲಿ ಇಟ್ಟುಕೊಂಡು ಹೋಗಬೇಡಿ, ಆಮೇಲೆ ಮುಂದುವರಿಸಿರುತ್ತಾರೆ. ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಲೋಡ್ ಸಿಕ್ಕರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಿಡಲ್ಲ, ಅದು ಮಳೆಗಾಲದ್ದಲ್ಲ, ವರ್ಷಪೂರ್ತಿ.

ಮೈಸೂರಿನಿಂದ ಮಿಷಿಗನ್:

ನಾನು ಇಲ್ಲಿ ಲಾರಿ ಕಂಪನಿಯೊಂದರಲ್ಲಿ ಲೋಡ್ ಪ್ಲಾನ್ ಮಾಡುತ್ತೇನೆ. ಇಂಜಿನಿಯರ್ ಸರ್ ಹೇಳಿದ್ದು ಓದಿ ಖುಷಿಯಾಯಿತು, ಇಲ್ಲಿ ನಮ್ಮ ದಿನದ ಕೆಲಸವೇ ಅದು. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಸಾಮಾನ್ಯ ಮಿತಿ 80,000 ಪೌಂಡ್, ಅಂದರೆ 36 ಟನ್ ಚಿಲ್ಲರೆ. ಆದರೆ ಮಿಷಿಗನ್‌ನಲ್ಲಿ 11 ಆಕ್ಸಲ್ ಇದ್ದರೆ 1,64,000 ಪೌಂಡ್ ತನಕ ಹೋಗಬಹುದು. ತೂಕ ಹೆಚ್ಚು ಆಕ್ಸಲ್‌ಗಳಿಗೆ ಹಂಚಿಹೋದರೆ ರಸ್ತೆ ತಡೆಯುತ್ತದೆ.

ಇಲ್ಲೂ ಸೀಸನ್ ನಿರ್ಬಂಧ ಇದೆ, ಆದರೆ ಮಳೆಯಿಂದಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿರುತ್ತದೆ. ಮಾರ್ಚ್ ಬಂದರೆ ಮೇಲಿನ ಪದರ ಕರಗುತ್ತದೆ, ಕೆಳಗಿನದು ಇನ್ನೂ ಮಂಜುಗಡ್ಡೆ. ಕರಗಿದ ನೀರು ಇಳಿಯಲು ದಾರಿ ಇಲ್ಲದೆ ಡಾಂಬರಿನ ಅಡಿಯಲ್ಲೇ ನಿಲ್ಲುತ್ತದೆ. ಸರ್ ಹೇಳಿದ ನಾಲೆ ಬಯಲಿನ ಕಥೆಯೇ. ಆಗ ಮಾರ್ಚ್‌ನಿಂದ ಮೇ ತನಕದ ಅವಧಿಯಲ್ಲಿ ನಿರ್ಬಂಧ ಹಾಕಿದ ರಸ್ತೆಗಳಲ್ಲಿ ಕಾಂಕ್ರೀಟ್ ಆದರೆ ಆಕ್ಸಲ್ ಮಿತಿ ಶೇ 25, ಡಾಂಬರಾದರೆ ಶೇ 35 ಇಳಿಸುತ್ತಾರೆ. ಅಷ್ಟು ದಿನ ನಾವು ಕಮ್ಮಿ ತುಂಬುತ್ತೇವೆ, ಟ್ರಿಪ್ ಜಾಸ್ತಿ ಮಾಡುತ್ತೇವೆ, ಬಾಡಿಗೆಯಲ್ಲಿ ಅದನ್ನು ಸೇರಿಸಿಯೇ ರೇಟ್ ಹೇಳುತ್ತೇವೆ. ನೀವೂ ಯೂನಿಟ್ ಲೆಕ್ಕ ಬಿಟ್ಟು ಟನ್ ಲೆಕ್ಕದಲ್ಲಿ ರೇಟ್ ಹೇಳಿ ನೋಡಿ.

ಪಾಂಡವಪುರ ಟಿಪ್ಪರ್:

ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್. ಇಳಿಜಾರಿನ ಮಾತನ್ನು ಭಾವನಿಗೆ ಓದಿ ಹೇಳಿದೆ, ಅಕ್ಕನೂ ಪಕ್ಕದಲ್ಲೇ ಇದ್ದಳು. ಅಲ್ಲಿಗೆ ಮಾತು ಮುಗಿಯಿತು. ಏಜೆಂಟ್‌ಗೆ ಬೇಡ ಅಂದುಬಿಟ್ಟೆ.

ಇವತ್ತು ಬೆಳಗ್ಗೆ ತುಂಬಿದ ಮೇಲೆ ತೂಕ ಹಾಕಿಸಿದೆವು, 28,240 ಬಂತು. ಮೂರೂಮುಕ್ಕಾಲು ಯೂನಿಟ್ ಹತ್ತಿರ. ಹುಣಸೂರಿನ ಗಿರಾಕಿಗೆ ಟನ್ ಲೆಕ್ಕ ಹೇಳಿ ತೂಕದ ಚೀಟಿಯ ಫೋಟೋ ಕಳಿಸಿದೆ. ಮೊದಲು ಗೊಣಗಿದರು. ಆಮೇಲೆ ಹಿಂದಿನ ಗಾಡಿಯವರು ಐದು ಯೂನಿಟ್ ಅಂತ ಹಾಕಿದ್ದರ ಚೀಟಿ ಕೇಳಿ ನೋಡುತ್ತೇನೆ ಅಂದರು. ಮಡಿಕೇರಿ ಆರ್ಡರ್ ಒಂದು ಇದೆ, ಅದನ್ನು ಆದೇಶ ನೋಡಿಕೊಂಡು ಮಳೆ ಮುಗಿದ ಮೇಲೆ ಕೊಡುತ್ತೇನೆ ಅಂತ ಫೋನ್ ಮಾಡಿದ್ದೇನೆ.